ಏಳೂವರೆ ಡಾಲರಿನ ಹದಿನೈದು ನಿಮಿಷ

1964ರ ನವೆಂಬರ್ 27ರಂದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ರೆಡ್ ಲಯನ್ ಎಂಬ ಸಣ್ಣ ಊರಿನ ರೇಡಿಯೋ ನಿಲಯವೊಂದು ಹದಿನೈದು ನಿಮಿಷದ ಭಾಷಣವನ್ನು ಬಿತ್ತರಿಸಿತು. ನಿಲಯದ ಹೆಸರು ಡಬ್ಲ್ಯೂ.ಜಿ.ಸಿ.ಬಿ. ಅದರ ಒಡೆಯರು ಜಾನ್ ನಾರಿಸ್ ಎಂಬ ವೃದ್ಧ ಪಾದ್ರಿಗಳು. ಭಾಷಣಕಾರರೂ ಪಾದ್ರಿಗಳೇ, ಒಕ್ಲಹೋಮಾದ ಬಿಲ್ಲಿ ಜೇಮ್ಸ್ ಹಾರ್ಗಿಸ್. ಕಮ್ಯೂನಿಸಂ ವಿರುದ್ಧ ಧರ್ಮಯುದ್ಧ ಸಾರಿದ್ದ ಈ ಮಹಾಶಯರು ತಮ್ಮ ಮಾತನ್ನು ಟೇಪಿನಲ್ಲಿ ಮುದ್ರಿಸಿ, ಊರೂರಿನ ಚಿಕ್ಕ ನಿಲಯಗಳಿಗೆ ಕಳುಹಿಸಿ, ಹಣ ಕೊಟ್ಟು ಬಿತ್ತರಿಸುತ್ತಿದ್ದರು. ರೆಡ್ ಲಯನ್ನಿನಲ್ಲಿ ಹದಿನೈದು ನಿಮಿಷದ ದರ ಏಳೂವರೆ ಡಾಲರು.

ಅಂದಿನ ಭಾಷಣದಲ್ಲಿ ಒಂದೆರಡು ನಿಮಿಷ ಫ್ರೆಡ್ ಕುಕ್ ಎಂಬ ಪತ್ರಕರ್ತರಿಗೆ ಮೀಸಲಾಯಿತು. ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ಪದವಿಯ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಅವರನ್ನು ಹಳಿದು ಕುಕ್ ಒಂದು ಪುಸ್ತಕ ಬರೆದಿದ್ದರು. ಗೋಲ್ಡ್‌ವಾಟರ್ ಆಗ ಸೋತು ಮೂರು ವಾರವಾಗಿತ್ತು. ಐವತ್ತು ರಾಜ್ಯಗಳಲ್ಲಿ ಅವರಿಗೆ ದಕ್ಕಿದ್ದು ಆರು ಮಾತ್ರ. ಸೋತವರ ಕಡೆಯ ಪಾದ್ರಿಗೆ ಕೋಪ ಬಂದದ್ದು ಆಶ್ಚರ್ಯವಲ್ಲ. ಕುಕ್ ಸುಳ್ಳು ಬರೆದು ಪತ್ರಿಕೆಯ ಕೆಲಸ ಕಳೆದುಕೊಂಡವನು, ಕಮ್ಯೂನಿಸ್ಟರಿಗೆ ಬೇಕಾದವನು ಎಂದೆಲ್ಲ ಹಾರ್ಗಿಸ್ ಆಡಿದರು. ಕುಕ್ ನಿಲಯಕ್ಕೆ ಕಾಗದ ಬರೆದು, ಉತ್ತರ ಹೇಳಲು ತಮಗೂ ಅಷ್ಟು ಕಾಲ ಉಚಿತವಾಗಿ ಕೊಡಬೇಕೆಂದು ಕೇಳಿದರು. ನಾರಿಸ್ ಅವರು ಉತ್ತರವಾಗಿ ತಮ್ಮ ದರಪಟ್ಟಿ ಕಳುಹಿಸಿಕೊಟ್ಟರು.

ಏಳೂವರೆ ಡಾಲರಿನ ಈ ವ್ಯಾಜ್ಯ ಐದು ವರ್ಷ ನಡೆದು ಅಮೆರಿಕದ ಸುಪ್ರೀಂ ಕೋರ್ಟು ಮುಟ್ಟಿತು. ಅಲ್ಲಿಯ ಸಂಪ್ರದಾಯವಾದಿಗಳು ಇಂದು ಪತ್ರಿಕೆಗಳ ಪಕ್ಷಪಾತವನ್ನು ಕುರಿತು ಆಡುವ ಪ್ರತಿಯೊಂದು ಮಾತಿನ ಹಿಂದೆಯೂ ಈ ವ್ಯಾಜ್ಯದ ನೆರಳಿದೆ ಎಂದು ನನಗೆ ತೋರುತ್ತದೆ.

‘ಸಂಪ್ರದಾಯವಾದಿ’ ಎಂಬ ನಮ್ಮ ಮಾತು ಅಲ್ಲಿಯ ‘ಕನ್ಸರ್ವೇಟಿವ್’ಗೆ ಪೂರ್ತಿ ಹೊಂದುವುದಿಲ್ಲ. ನಮಗೆ ಆ ಶಬ್ದ ಕೇಳಿದೊಡನೆ ಮಡಿ, ಪಂಚಾಂಗ ನೆನಪಾಗುತ್ತವೆ. ಅವರ ಸಂಪ್ರದಾಯದಲ್ಲಿ ಚರ್ಚೂ ಉಂಟು. ಆದರೆ ಅದರ ಬೆನ್ನೆಲುಬು 1787ರ ಸಂವಿಧಾನ. ವಾಷಿಂಗ್ಟನ್ನಿನ ಸರ್ಕಾರದ ಕೈ ಎಷ್ಟು ಗಿಡ್ಡವಾದರೆ ಅಷ್ಟು ಕ್ಷೇಮ ಎಂಬುದು ಅವರ ನಂಬಿಕೆ. ಇದಕ್ಕೆ ಎರಡು ದೂರುಗಳು ಅಂಟಿಕೊಂಡೇ ಬಂದಿವೆ. ಸರ್ಕಾರ ಎಲ್ಲದರಲ್ಲೂ ತಲೆ ಹಾಕುತ್ತದೆ ಎಂಬುದು ಒಂದು. ಪತ್ರಿಕೆ, ರೇಡಿಯೋ, ಟೆಲಿವಿಷನ್ನುಗಳು ತಮ್ಮ ವಿರೋಧಿಗಳ ಪಾಲಾಗಿವೆ ಎಂಬುದು ಇನ್ನೊಂದು. 1955ರಲ್ಲಿ ವಿಲಿಯಂ ಬಕ್ಲಿ ‘ನ್ಯಾಷನಲ್ ರಿವ್ಯೂ’ ಪತ್ರಿಕೆ ಹೊರಡಿಸಿದಾಗಲೂ ಈ ಎರಡು ದೂರುಗಳು ಜೊತೆಗಿದ್ದವು. ಎರಡೂ ಅವಳಿ ಮಕ್ಕಳಂತೆ ಕಂಡರೂ ಒಂದಕ್ಕೊಂದು ಆಗಿಬರುವುದಿಲ್ಲ. ಪತ್ರಿಕೆಯ ಪಕ್ಷಪಾತಕ್ಕೆ ಮದ್ದು ಬೇಕೆಂದರೆ ಮದ್ದು ಅರೆಯಬಲ್ಲ ಕೈ ಸರ್ಕಾರದ್ದೊಂದೇ. ಆ ಕೈಯನ್ನಲ್ಲವೆ ಅವರು ಗಿಡ್ಡ ಮಾಡಬೇಕೆಂದದ್ದು?

ಒಂದು ಕಾಲಕ್ಕೆ ನಮ್ಮಲ್ಲಿ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಬೇಕಾದರೆ ಅಂಚೆ ಕಚೇರಿಗೆ ಹೋಗಿ ಲೈಸೆನ್ಸು ಮಾಡಿಸಬೇಕಿತ್ತು. ಹಿರಿಯ ಓದುಗರ ಪೆಟ್ಟಿಗೆಯಲ್ಲಿ ಆ ಪುಸ್ತಕ ಇನ್ನೂ ಇರಬಹುದು. ಆಗ ನಮ್ಮಲ್ಲಿ ಬಿತ್ತರಿಸುತ್ತಿದ್ದದ್ದು ಸರ್ಕಾರ, ಲೈಸೆನ್ಸು ಕೇಳುಗನಿಗೆ. ಅಮೆರಿಕದಲ್ಲಿ ಬಿತ್ತರಿಸುವವನು ಖಾಸಗಿಯವನು, ಲೈಸೆನ್ಸೂ ಅವನಿಗೇ. 1934ರ ಕಾಯಿದೆಯಿಂದ ಹುಟ್ಟಿದ ಫೆಡರಲ್ ಸಂಪರ್ಕ ಆಯೋಗ ಆ ಲೈಸೆನ್ಸು ಕೊಡುತ್ತದೆ. ಆಗೆಲ್ಲ ಮೂರು ವರ್ಷಕ್ಕೊಮ್ಮೆ ಅದನ್ನು ನವೀಕರಿಸಿಕೊಳ್ಳಬೇಕಿತ್ತು. ಗಾಳಿಯಲ್ಲಿ ತರಂಗಗಳ ಸಂಖ್ಯೆ ಕಡಿಮೆ, ಬೇಡುವವರು ಹೆಚ್ಚು. ಆದುದರಿಂದ ಪಡೆದವನು ಸಾರ್ವಜನಿಕರ ಧರ್ಮದರ್ಶಿಯ ಹಾಗೆ ನಡೆದುಕೊಳ್ಳಬೇಕು ಎಂಬುದು ವಾದ. ವಾದವೇನೋ ಸೊಗಸಾಗಿದೆ. ಅದರ ಹೊಟ್ಟೆಯಲ್ಲಿದ್ದ ಹುಳು ಕಾಣಿಸಿಕೊಳ್ಳಲು ಸ್ವಲ್ಪ ಕಾಲ ಹಿಡಿಯಿತು.

1941ರಲ್ಲಿ ಆಯೋಗವು ನಿಲಯದ ಒಡೆಯನು ಯಾವ ಪಕ್ಷದ ವಕಾಲತ್ತನ್ನೂ ವಹಿಸಕೂಡದೆಂದಿತು. 1949ರಲ್ಲಿ ಅದನ್ನು ಸಡಿಲಿಸಿ ಬೇರೊಂದು ನಿಯಮ ಮಾಡಿತು: ನಿಲಯವು ವಿವಾದದ ವಿಷಯಗಳಿಗೆ ಕಾಲ ಕೊಡಲೇಬೇಕು, ಕೊಟ್ಟಾಗ ಎದುರು ಪಕ್ಷದ ಮಾತಿಗೂ ಎಡೆ ಮಾಡಬೇಕು. ಇದಕ್ಕೆ ‘ಫೇರ್‌ನೆಸ್ ಡಾಕ್ಟ್ರಿನ್’ ಎಂದು ಹೆಸರಾಯಿತು. ನಾವು ಸಮದೃಷ್ಟಿ ನಿಯಮ ಎನ್ನೋಣ. ಯಾರನ್ನಾದರೂ ಹೆಸರೆತ್ತಿ ನಿಂದಿಸಿದರೆ ಅವನಿಗೆ ಉತ್ತರಿಸಲು ಅವಕಾಶ ಕೊಡಬೇಕೆಂಬ ಕಟ್ಟಳೆಯೂ ಇದರ ಜೊತೆಗೆ ಬೆಳೆಯಿತು. 1963ರಲ್ಲಿ ಆಯೋಗ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಒಂದು ಪಕ್ಷ ದುಡ್ಡು ಕೊಟ್ಟು ಮಾತನಾಡಿದ್ದರೂ, ಎದುರು ಪಕ್ಷಕ್ಕೆ ದುಡ್ಡು ಕೊಡುವವರಿಲ್ಲದಿದ್ದರೆ, ನಿಲಯ ಉಚಿತವಾಗಿಯೇ ಕಾಲ ಒದಗಿಸಬೇಕು ಎಂದಿತು.

ಕೇಳಿದರೆ ಯಾರು ಬೇಡವೆನ್ನುತ್ತಾರೆ? ಆದರೆ ರೆಡ್ ಲಯನ್ನಿನಂಥ ಊರಿನ ನಿಲಯದ ಲೆಕ್ಕದ ಪುಸ್ತಕವನ್ನು ಸ್ವಲ್ಪ ಊಹಿಸಿಕೊಳ್ಳಿ. ಅದಕ್ಕೆ ಅನ್ನ ಹಾಕುತ್ತಿದ್ದವರು ಹಾರ್ಗಿಸ್ ಅಂಥವರು. ಏಳೂವರೆ ಡಾಲರು ಬಂದ ಪ್ರತಿಯೊಂದು ಭಾಷಣಕ್ಕೂ ಇನ್ನೊಂದನ್ನು ಪುಕ್ಕಟೆಯಾಗಿ ಕೊಡಬೇಕೆಂದರೆ, ಮೇಲೆ ವಕೀಲರ ಖರ್ಚು, ಲೈಸೆನ್ಸು ಹೋದೀತೆಂಬ ಭಯ. ಎಲ್ಲಕ್ಕಿಂತ ಅಗ್ಗವಾದ ಉಪಾಯ ಹಾರ್ಗಿಸ್‌ರ ಟೇಪನ್ನು ಹಿಂದಕ್ಕೆ ಕಳುಹಿಸಿಬಿಡುವುದು. ಎರಡು ದನಿಗಳು ಕೇಳಬೇಕೆಂದು ಮಾಡಿದ ನಿಯಮದಿಂದ ಒಂದು ದನಿಯೂ ಕೇಳದಂತಾಗುವುದು ಹೀಗೆ.

ಇದು ಕೆಲವರಿಗೆ ಚೆನ್ನಾಗಿ ಗೊತ್ತಿತ್ತು. 1961ರ ಡಿಸೆಂಬರಿನಲ್ಲಿ ಕಾರ್ಮಿಕ ನಾಯಕರಾದ ರೂಥರ್ ಸಹೋದರರು ಮತ್ತು ವಕೀಲ ಜೋಸೆಫ್ ರೌ, ಅಟಾರ್ನಿ ಜನರಲ್ ರಾಬರ್ಟ್ ಕೆನೆಡಿಯವರಿಗೆ ಒಂದು ಗೋಪ್ಯ ಟಿಪ್ಪಣಿ ಒಪ್ಪಿಸಿದ್ದರು. ತೀವ್ರ ಬಲಪಂಥೀಯರನ್ನು ಹದ್ದಿನಲ್ಲಿಡಲು ವರಮಾನ ತೆರಿಗೆ ಇಲಾಖೆ, ಸಂಪರ್ಕ ಆಯೋಗಗಳನ್ನು ಹೇಗೆ ಬಳಸಬಹುದೆಂಬ ಸಲಹೆ ಅದರಲ್ಲಿತ್ತು. ಹಾರ್ಗಿಸ್‌ರ ಸಂಸ್ಥೆಗೆ ಇದ್ದ ತೆರಿಗೆ ವಿನಾಯಿತಿಯನ್ನು ಇಲಾಖೆ ರದ್ದುಮಾಡಿದ್ದೂ ಅದೇ ದಶಕದಲ್ಲಿಯೇ. ಗೋಲ್ಡ್‌ವಾಟರ್ ವಿರುದ್ಧದ ಚುನಾವಣೆಯ ಕಾಲಕ್ಕಂತೂ ಡೆಮಾಕ್ರಾಟಿಕ್ ಪಕ್ಷದ ರಾಷ್ಟ್ರೀಯ ಸಮಿತಿ ಬಲಪಂಥೀಯ ಭಾಷಣಗಳನ್ನು ಕಿವಿಗೊಟ್ಟು ಕೇಳಿಸಿ, ಬರೆಯಿಸಿ, ಊರೂರಿನ ನಿಲಯಗಳಿಗೆ ಉತ್ತರದ ಕಾಲ ಕೇಳುವ ಕಾಗದಗಳನ್ನು ಹಾಕಿಸುತ್ತಿತ್ತು. ಕುಕ್ ಅವರ ಪುಸ್ತಕಕ್ಕೂ ಆ ಸಮಿತಿಯ ಬೆಂಬಲವಿತ್ತು. ನಿಲಯಗಳು ಬೇಸತ್ತು ಅಂಥ ಕಾರ್ಯಕ್ರಮಗಳನ್ನೇ ಕೈಬಿಡಲಿ ಎಂಬುದೇ ಉದ್ದೇಶ. ಇದನ್ನು ಹೊರಗೆಡವಿದವರು ಯಾವ ಬಲಪಂಥೀಯರೂ ಅಲ್ಲ, ಸಿ.ಬಿ.ಎಸ್. ಸಂಸ್ಥೆಯ ಸುದ್ದಿ ವಿಭಾಗದ ಮುಖ್ಯಸ್ಥರಾಗಿದ್ದ ಫ್ರೆಡ್ ಫ್ರೆಂಡ್ಲಿ. ಅವರ ಪುಸ್ತಕ ಬಂದದ್ದು 1976ರಲ್ಲಿ.

ಅಷ್ಟು ಹೊತ್ತಿಗೆ ನ್ಯಾಯಾಲಯದ ಬಾಗಿಲು ಮುಚ್ಚಿ ಏಳು ವರ್ಷವಾಗಿತ್ತು. 1969ರ ಜೂನ್ 9ರಂದು ಸುಪ್ರೀಂ ಕೋರ್ಟು ಒಮ್ಮತದಿಂದ ಆಯೋಗದ ಪರವಾಗಿ ತೀರ್ಪು ಕೊಟ್ಟಿತು. ತೀರ್ಪು ಬರೆದ ನ್ಯಾಯಮೂರ್ತಿ ಬೈರನ್ ವೈಟ್ ಅವರ ಪ್ರಕಾರ ಮುಖ್ಯವಾದದ್ದು ಕೇಳುವವರ ಹಕ್ಕು, ಬಿತ್ತರಿಸುವವರದಲ್ಲ. ನಿಲಯಗಳು ಹೆದರಿ ಬಾಯಿ ಮುಚ್ಚಿಕೊಂಡಾವು ಎಂಬ ವಾದ ಅವರಿಗೆ ಬರಿಯ ಊಹೆಯಾಗಿ ಕಂಡಿತು. ಆ ಊಹೆಗೆ ಆಧಾರವಾಗಬಹುದಾಗಿದ್ದ ಸಂಗತಿ ಡೆಮಾಕ್ರಾಟಿಕ್ ಸಮಿತಿಯ ಕಡತಗಳಲ್ಲಿ ಬೆಚ್ಚಗೆ ಮಲಗಿತ್ತು. ಕುಕ್ ಅವರಿಗೆ ಅನ್ಯಾಯವಾಗಲಿಲ್ಲವೆಂದು ನಾನು ಹೇಳುತ್ತಿಲ್ಲ. ಹೆಸರು ಕೆಡಿಸಿದವನಿಗೆ ಮಾನನಷ್ಟದ ಕಾಯಿದೆಯೂ ಉಂಟಷ್ಟೆ. ಅದಕ್ಕೆ ಲೈಸೆನ್ಸು ಕೊಡುವ ಆಯೋಗ ಬೇಕಾಗಿಲ್ಲ.

ಐದೇ ವರ್ಷದ ಮೇಲೆ, 1974ರಲ್ಲಿ, ಇದೇ ನ್ಯಾಯಾಲಯದ ಮುಂದೆ ಇದೇ ಪ್ರಶ್ನೆ ಪತ್ರಿಕೆಯ ವೇಷ ಹಾಕಿಕೊಂಡು ಬಂತು. ಅಭ್ಯರ್ಥಿಯನ್ನು ಟೀಕಿಸಿದ ಪತ್ರಿಕೆ ಅವನ ಉತ್ತರವನ್ನೂ ಅಚ್ಚು ಹಾಕಬೇಕೆಂದು ಫ್ಲಾರಿಡಾದಲ್ಲಿ 1913ರಷ್ಟು ಹಳೆಯ ಕಾಯಿದೆಯಿತ್ತು. ನ್ಯಾಯಾಲಯ ಅದನ್ನು ಒಮ್ಮತದಿಂದ ತಳ್ಳಿಹಾಕಿತು. ರೆಡ್ ಲಯನ್ ತೀರ್ಪು ಬರೆದ ವೈಟ್ ಅವರೂ ಆ ಒಮ್ಮತದಲ್ಲಿ ಸೇರಿದ್ದರು. ಕಾಗದದ ಮೇಲೆ ಸ್ವಾತಂತ್ರ್ಯ, ಗಾಳಿಯಲ್ಲಿ ಅಪ್ಪಣೆ!

ಈ ಅಪ್ಪಣೆಗೆ ಪೂರ್ತಿಯಾಗಿ ಬಲಿಯಾದ ನಿಲಯ ಡಬ್ಲ್ಯೂ.ಎಕ್ಸ್.ಯು.ಆರ್. ಅದೂ ಪೆನ್ಸಿಲ್ವೇನಿಯಾದ್ದೇ. ಅದಿದ್ದ ಊರಿನ ಹೆಸರು ಮೀಡಿಯಾ! ಕಥೆಗಾರನೊಬ್ಬ ಹೀಗೆ ಹೆಸರಿಟ್ಟಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು. ಕಾರ್ಲ್ ಮೆಕಿನ್‌ಟೈರ್ ಎಂಬ ಪಾದ್ರಿಯ ಹಿಡಿತದಲ್ಲಿದ್ದ ಆ ನಿಲಯಕ್ಕೆ ಫೋನು ಮಾಡಿದವರಲ್ಲಿ ಕೆಲವರು ಯೆಹೂದ್ಯರ ಮೇಲೆ ವಿಷ ಕಾರುತ್ತಿದ್ದರು. ಅದರ ಪರ ವಹಿಸುವ ಮನಸ್ಸು ನನಗಿಲ್ಲ. ಆದರೆ ಸಮದೃಷ್ಟಿ ತಪ್ಪಿತೆಂದು ಆಯೋಗ 1970ರಲ್ಲಿ ಲೈಸೆನ್ಸನ್ನು ನವೀಕರಿಸದೆ ಬಿಟ್ಟಿತು. 1972ರಲ್ಲಿ ಮೇಲ್ಮನವಿಯೂ ಸೋತಿತು. ಅಂದು ಭಿನ್ನಮತ ಬರೆದ ಡೇವಿಡ್ ಬೇಜ಼ಲನ್ ಉದಾರವಾದಿಗಳ ಕಣ್ಮಣಿಯಾಗಿದ್ದ ನ್ಯಾಯಾಧೀಶರು. ಒಂದು ನಿಲಯದ ಮಾತು ಹಿತವಲ್ಲವೆಂದು ಅದರ ಬಾಯನ್ನೇ ಹೊಲಿಯುವುದು ಅವರಿಗೆ ಸರಿಬೀಳಲಿಲ್ಲ. 1973ರ ಜುಲೈಯಲ್ಲಿ ನಿಲಯ ಮೌನವಾಯಿತು. ಮೆಕಿನ್‌ಟೈರ್ ಬಿಡಲಿಲ್ಲ, ಅದೇ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ತೀರದಾಚೆ ಹಳೆಯ ಹಡಗೊಂದನ್ನು ನಿಲ್ಲಿಸಿಕೊಂಡು ಅಲ್ಲಿಂದಲೇ ಬಿತ್ತರಿಸಹೊರಟರು. ಸ್ವಲ್ಪ ಕಾಲದಲ್ಲೇ ಕೋರ್ಟಿನ ಆಜ್ಞೆ ಅಲ್ಲಿಗೂ ಹೋಯಿತು.

ಇಷ್ಟೆಲ್ಲ ಪೆಟ್ಟು ತಿಂದವರು ಅಧಿಕಾರಕ್ಕೆ ಬಂದಾಗ ಏನು ಮಾಡಬೇಕಿತ್ತು? ಆ ದೊಣ್ಣೆಯನ್ನು ಮುರಿದು ಒಲೆಗೆ ಹಾಕಬೇಕಿತ್ತು. ರಿಪಬ್ಲಿಕನ್ನರಾದ ನಿಕ್ಸನ್ 1969ರಲ್ಲಿ ಅಧ್ಯಕ್ಷರಾದರು. ನವೆಂಬರ್ 3ರಂದು ವಿಯೆಟ್ನಾಂ ಯುದ್ಧವನ್ನು ಕುರಿತು ಅವರು ಮಾಡಿದ ಭಾಷಣವನ್ನು ಟೆಲಿವಿಷನ್ ವ್ಯಾಖ್ಯಾನಕಾರರು ಅದು ಮುಗಿಯುತ್ತಲೇ ಜರಡಿ ಹಿಡಿದರು. ಹತ್ತು ದಿನದ ಮೇಲೆ ಉಪಾಧ್ಯಕ್ಷ ಸ್ಪೈರೋ ಆಗ್ನ್ಯೂ ಅಯೋವಾದ ಡಿ ಮಾಯಿನ್ ನಗರದಲ್ಲಿ ಇದಕ್ಕೆ ಉತ್ತರ ಕೊಟ್ಟರು. ಯಾರೂ ಚುನಾಯಿಸದ ಕೆಲವೇ ಮಂದಿ ನ್ಯೂಯಾರ್ಕ್, ವಾಷಿಂಗ್ಟನ್‌ಗಳಲ್ಲಿ ಕುಳಿತು, ದೇಶ ಏನನ್ನು ನೋಡಬೇಕೆಂದು ತೀರ್ಮಾನಿಸುತ್ತಾರೆ ಎಂದರು. ಭಾಷಣ ಬರೆದುಕೊಟ್ಟವರು ಪ್ಯಾಟ್ ಬುಕ್ಯಾನನ್. ಅದರಲ್ಲಿ ಸತ್ಯಾಂಶ ಇಲ್ಲದಿಲ್ಲ. ಆಗ ಇದ್ದ ದೊಡ್ಡ ಜಾಲಗಳು ಮೂರೇ. ಅಯೋವಾದ ರೈತನ ಮನಸ್ಸು ಅಲ್ಲಿ ಕುಳಿತವರಿಗೆ ತಿಳಿದದ್ದು ಅಷ್ಟಕ್ಕಷ್ಟೆ. ತಮಗೆ ಸೆನ್ಸಾರು ಬೇಡವೆಂದೂ ಆಗ್ನ್ಯೂ ಹೇಳಿದರು. ಅದರ ಜೊತೆಗೇ, ಈ ಜಾಲಗಳ ಏಕಸ್ವಾಮ್ಯ ಸರ್ಕಾರದ ಲೈಸೆನ್ಸಿನಿಂದ ಬಂದದ್ದೆಂದು ನೆನಪಿಸಲೂ ಮರೆಯಲಿಲ್ಲ.

ಅಧ್ಯಕ್ಷರ ಭಾಷಣದ ಮೇಲೆ ಬಂದ ವ್ಯಾಖ್ಯಾನಗಳ ಲಿಖಿತ ಪ್ರತಿ ಕಳುಹಿಸಿ ಎಂದು ಸಂಪರ್ಕ ಆಯೋಗದ ಹೊಸ ಮುಖ್ಯಸ್ಥರು ಜಾಲಗಳಿಗೆ ತಾವೇ ಫೋನು ಮಾಡಿದ್ದರು. ಅವರ ಹೆಸರು ಡೀನ್ ಬರ್ಚ್. 1964ರಲ್ಲಿ ಗೋಲ್ಡ್‌ವಾಟರ್ ಪರವಾಗಿ ರಿಪಬ್ಲಿಕನ್ ಪಕ್ಷದ ರಾಷ್ಟ್ರೀಯ ಸಮಿತಿಗೆ ಅಧ್ಯಕ್ಷರಾಗಿದ್ದವರು ಇವರೇ! 1972ರ ಸೆಪ್ಟೆಂಬರ್ 15ರಂದು ನಿಕ್ಸನ್ ತಮ್ಮ ಕೋಣೆಯಲ್ಲಿ ಆಡಿದ ಮಾತು ಅವರದೇ ಟೇಪಿನಲ್ಲಿ ಉಳಿದುಕೊಂಡಿತು: ವಾಟರ್‌ಗೇಟ್ ಹಗರಣವನ್ನು ಕೆದಕುತ್ತಿದ್ದ ‘ವಾಷಿಂಗ್ಟನ್ ಪೋಸ್ಟ್’ಗೆ ಟೆಲಿವಿಷನ್ ನಿಲಯಗಳೂ ಉಂಟು, ಅವುಗಳ ಲೈಸೆನ್ಸು ನವೀಕರಣಕ್ಕೆ ಬರಲಿ, ಆಗ ತೊಂದರೆ ಏನೆಂದು ಗೊತ್ತಾಗುತ್ತದೆ ಎಂದು. ಕೆಲವೇ ತಿಂಗಳಲ್ಲಿ ಆ ಪತ್ರಿಕೆಯ ಫ್ಲಾರಿಡಾ ನಿಲಯಗಳ ಮೇಲೆ ಆಕ್ಷೇಪಣೆಯ ಅರ್ಜಿಗಳು ಬಿದ್ದವು. ಅರ್ಜಿದಾರರಲ್ಲಿ ನಿಕ್ಸನ್ನರ ಗೆಳೆಯರಿದ್ದರು. ಲೈಸೆನ್ಸು ಉಳಿಯಿತು, ನಿಕ್ಸನ್ ಉಳಿಯಲಿಲ್ಲ.

ದೊಣ್ಣೆ ಮುರಿಯುವ ಕೆಲಸ ಕೊನೆಗೆ ರೇಗನ್ ಪಾಲಿಗೆ ಬಂತು. 1987ರ ಜೂನಿನಲ್ಲಿ ಕಾಂಗ್ರೆಸ್ಸು ಸಮದೃಷ್ಟಿ ನಿಯಮವನ್ನು ಕಾಯಿದೆಯಾಗಿಸಲು ಹೊರಟಾಗ ಅವರು ವೀಟೋ ಹಾಕಿದರು. ಆಗಸ್ಟಿನಲ್ಲಿ ಆಯೋಗವೇ ಅದನ್ನು ಕೈಬಿಟ್ಟಿತು. ಇಲ್ಲೊಂದು ಸ್ವಾರಸ್ಯವಿದೆ. ನಿಯಮ ಉಳಿಯಲೆಂದು ಹೋರಾಡಿದವರಲ್ಲಿ ಹೆಸರಾಂತ ಸಂಪ್ರದಾಯವಾದಿಗಳಿದ್ದರು. ಫಿಲಿಸ್ ಶ್ಲಾಫ್ಲಿ ಎಂಬ ಗಟ್ಟಿಗಿತ್ತಿ ಮಹಿಳೆ, ಪತ್ರಿಕೆಗಳ ತಪ್ಪು ಹುಡುಕಲೆಂದೇ ಸಂಸ್ಥೆ ಕಟ್ಟಿದ್ದ ರೀಡ್ ಇರ್ವೈನ್, ಇಬ್ಬರೂ ರೇಗನ್ನರ ನಿಲುವಿಗೆ ವಿರುದ್ಧ. ಆ ನಿಯಮವಿಲ್ಲದಿದ್ದರೆ ದೊಡ್ಡ ಜಾಲಗಳಲ್ಲಿ ತಮ್ಮ ದನಿಗೆ ಎಡೆಯೇ ಇರದೆಂಬ ಭಯ ಅವರದು. ನಡೆದದ್ದು ಪೂರ್ತಿ ತಿರುಗುಮುರುಗು. ಮರುವರ್ಷ, 1988ರ ಆಗಸ್ಟಿನಲ್ಲಿ, ರಷ್ ಲಿಂಬಾ ಎಂಬವರ ಮಾತು ನ್ಯೂಯಾರ್ಕಿನಿಂದ ದೇಶದಾದ್ಯಂತ ಕೇಳತೊಡಗಿತು. 2021ರಲ್ಲಿ ತೀರಿಕೊಳ್ಳುವವರೆಗೂ ಅವರು ಯಾರಿಗೂ ಉತ್ತರದ ಕಾಲ ಕೊಡದೆ ಮಾತನಾಡಿದರು. ಅವರ ಮಾತೆಲ್ಲ ನನಗೆ ರುಚಿಸುವುದೆಂದಲ್ಲ. ಹಾರ್ಗಿಸ್‌ಗೆ ಇದ್ದ ಅಂಜಿಕೆ ಅವರಿಗಿರಲಿಲ್ಲ, ಅಷ್ಟೆ. ಈಗ ದೂರುವ ಸರದಿ ಉದಾರವಾದಿಗಳದಾಯಿತು; ನಿಯಮವನ್ನು ಮರಳಿ ತರಬೇಕೆಂಬ ಕೂಗು ಅವರ ಕಡೆಯಿಂದ ಎದ್ದಿತು. 2011ರಲ್ಲಿ ಆಯೋಗ ಅದರ ಕೊನೆಯ ಸಾಲುಗಳನ್ನೂ ತನ್ನ ಪುಸ್ತಕದಿಂದ ಅಳಿಸಿತು.

ಲೈಸೆನ್ಸು ಮಾತ್ರ ಅಳಿಯಲಿಲ್ಲ. 2025ರ ಸೆಪ್ಟೆಂಬರಿನಲ್ಲಿ, ಸಂಪ್ರದಾಯವಾದಿ ಯುವನಾಯಕ ಚಾರ್ಲಿ ಕರ್ಕ್ ಅವರ ಕೊಲೆಯಾದ ಮೇಲೆ, ಎ.ಬಿ.ಸಿ. ಜಾಲದ ಹಾಸ್ಯಗಾರ ಜಿಮ್ಮಿ ಕಿಮ್ಮೆಲ್ ಆಡಿದ ಮಾತು ಹಲವರನ್ನು ಕೆರಳಿಸಿತು. ಆಯೋಗದ ಅಧ್ಯಕ್ಷ, ರಿಪಬ್ಲಿಕನ್ನರೇ ಆದ ಬ್ರೆಂಡನ್ ಕಾರ್, ಇದನ್ನು ಸುಲಭದ ದಾರಿಯಲ್ಲೂ ಮುಗಿಸಬಹುದು, ಕಷ್ಟದ ದಾರಿಯಲ್ಲೂ ಮುಗಿಸಬಹುದು ಎಂದರು. ಅಂದೇ ಕಾರ್ಯಕ್ರಮ ನಿಂತಿತು. ವಾರದೊಳಗೆ ಮರಳಿ ಬಂತು. ಈ ಬೆದರಿಕೆಯನ್ನು ಎದುರಿಸಿ ಮಾತನಾಡಿದವರಲ್ಲಿ ಟೆಕ್ಸಾಸಿನ ಸೆನೆಟರ್ ಟೆಡ್ ಕ್ರೂಜ಼್ ಒಬ್ಬರು. ಅವರನ್ನು ಉದಾರವಾದಿ ಎಂದು ಶತ್ರುಗಳೂ ಕರೆದದ್ದಿಲ್ಲ. ಕಿಮ್ಮೆಲ್‌ರ ಮಾತು ತಮಗೂ ಹಿಡಿಸಲಿಲ್ಲವೆಂದು ಮೊದಲೇ ಹೇಳಿಕೊಂಡು, ಕಾರ್ ಅವರ ದನಿ ಸಿನಿಮಾದ ದರೋಡೆಗಾರರ ದನಿಯಂತಿದೆಯೆಂದರು. ಎದುರು ಪಕ್ಷ ಅಧಿಕಾರಕ್ಕೆ ಬಂದ ದಿನ ಇದೇ ಆಯುಧ ತಮ್ಮವರ ಮೇಲೆ ತಿರುಗುತ್ತದೆಂದರು.