ಚಿನ್ನದ ಗಣಿಗೆ ಗಾಳಿಯ ದಾರಿ
ಕೋಲಾರ ಚಿನ್ನದ ಗಣಿ (ಕೆ.ಜಿ.ಎಫ್.)

ಇಲ್ಲಿನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ. ಜಗತ್ತಿನ ಅತಿ ಆಳದ ಗಣಿಗಳಲ್ಲೊಂದು. ಕಲ್ಲಿದ್ದಲು ಗಣಿಗಳಲ್ಲಿ ಹೊತ್ತಿಕೊಳ್ಳುವ ಮೀಥೇನ್ ಅನಿಲದ ಭಯ ದೊಡ್ಡದು. ಇಲ್ಲಿ ಕಾಡಿದ್ದು ಬಿಸಿ, ಸಿಡಿಮದ್ದಿನ ಹೊಗೆ ಮತ್ತು ಕಲ್ಲಿನ ದೂಳು.

ಬಿಸಿ ಎಲ್ಲಿಂದ?
ತಳದಲ್ಲಿ ಬಂಡೆಯ ಉಷ್ಣಾಂಶವೇ 60 ಡಿಗ್ರಿ ಸೆಲ್ಸಿಯಸ್ ಮೀರಿತ್ತು. ಕೆಳಗಿಳಿಯುವ ಗಾಳಿಯೂ ಒತ್ತಡ ಹೆಚ್ಚಿದಂತೆ ಕಾಯುತ್ತದೆ: ಒಣಗಾಳಿಯಾದರೆ ಪ್ರತಿ 100 ಮೀಟರಿಗೆ ಸುಮಾರು 1 ಡಿಗ್ರಿ. ಗಾಳಿಯಲ್ಲಿ ತೇವ ಹೆಚ್ಚಿದರೆ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ.

ಗಾಳಿ ಹರಿದದ್ದು ಹೇಗೆ?
ಒಂದು ಶಾಫ್ಟ್‌ನಲ್ಲಿ (ಗಣಿಗೆ ಇಳಿಯುವ ಬಾವಿಯಲ್ಲಿ) ಹೊಸ ಗಾಳಿ ಇಳಿಯುತ್ತಿತ್ತು. ಸುರಂಗಗಳನ್ನು ಸುತ್ತಿ, ಬಿಸಿಯೇರಿ ಹಗುರಾಗಿ, ಇನ್ನೊಂದು ಶಾಫ್ಟ್‌ನಿಂದ ಮೇಲೇಳುತ್ತಿತ್ತು. ಆಳ ಹೆಚ್ಚಿದಂತೆ ಈ ಸಹಜ ಹರಿವು ಸಾಲದೆ, ಭಾರಿ ಫ್ಯಾನ್‌ಗಳು ಬಂದವು. ಗಾಳಿ ಅಡ್ಡದಾರಿ ಹಿಡಿಯದಂತೆ ಸುರಂಗಗಳಲ್ಲಿ ಬಾಗಿಲುಗಳಿದ್ದವು. ಮುಂದೆ ನೆಲದ ಮೇಲೆಯೇ ಗಾಳಿಯನ್ನು ತಂಪಾಗಿಸಿ ಕೆಳಗೆ ಕಳಿಸುವ ಯಂತ್ರಗಳೂ ಕೆಲಸ ಮಾಡಿದವು.

ದೂಳಿನ ಹೊರೆ
ಚಿನ್ನವಿದ್ದ ಬೆಣಚುಕಲ್ಲನ್ನು ಕೊರೆದಾಗ ಏಳುವ ಸಿಲಿಕಾ ದೂಳು ಶ್ವಾಸಕೋಶ ಸೇರಿ ಸಿಲಿಕೋಸಿಸ್ ತರುತ್ತದೆ. ನೀರು ಹಾಯಿಸುತ್ತ ಕೊರೆಯುವುದು, ಸಿಡಿತದ ನಂತರ ಹೊಗೆ ಹೋಗುವವರೆಗೆ ಕಾಯುವುದು ಇದಕ್ಕೆ ತಡೆ. ಆದರೂ ಅನೇಕ ಕಾರ್ಮಿಕರು ಈ ರೋಗಕ್ಕೆ ತುತ್ತಾದರು.

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕೆಲಸ ಆರಂಭಿಸಿತು. ಮುಂದೆ ಗಣಿ ನಡೆಸಿದ ಭಾರತ್ ಗೋಲ್ಡ್ ಮೈನ್ಸ್ ಕಂಪನಿ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ಎಚ್ಚರಿಕೆ: ಗಾಳಿಯಾಡದ ಹಳೆಯ ಸುರಂಗಗಳಲ್ಲಿ ಆಮ್ಲಜನಕ ಕಡಿಮೆ ಇರಬಹುದು. ಒಳಗೆ ಹೋಗಬೇಡಿ.