ಅರಬ್ಬೀ ದೇಶಗಳಲ್ಲಿ ಮತಧರ್ಮವೂ ಪ್ರಜಾಪ್ರಭುತ್ವವೂ

ಕನ್ನಡದಲ್ಲಿ 'ಮತ' ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ದೇವರು, ಪರಲೋಕ, ಆಚಾರ ಮೊದಲಾದ ವಿಷಯಗಳಲ್ಲಿ ಒಂದು ಜನಸಮುದಾಯವು ಪರಂಪರೆಯಿಂದ ನಂಬಿಕೊಂಡು ಬಂದಿರುವುದು ಒಂದು ಮತ. ಚುನಾವಣೆಯ ದಿನ ಪ್ರಜೆಯು ತನ್ನ ಅಭಿಪ್ರಾಯವನ್ನು ಗುರುತುಮಾಡಿ ಪೆಟ್ಟಿಗೆಯೊಳಕ್ಕೆ ಹಾಕುವುದು ಇನ್ನೊಂದು ಮತ. ಮೊದಲನೆಯದು ಎಣಿಕೆಗೆ ಒಳಪಡತಕ್ಕದ್ದಲ್ಲ. ಸಾವಿರ ಮಂದಿ ಅಲ್ಲವೆಂದ ಮಾತ್ರಕ್ಕೆ ಒಬ್ಬನ ಶ್ರದ್ಧೆ ಸುಳ್ಳಾಗದು. ಎರಡನೆಯದಾದರೋ ಎಣಿಕೆಯಿಂದಲೇ ಬಾಳತಕ್ಕದ್ದು. ಈ ಎರಡು ಮತಗಳೂ ಒಂದೇ ರಾಜ್ಯದಲ್ಲಿ ಹೇಗೆ ಕೂಡಿ ಬಾಳಬೇಕೆಂಬುದು ಬಹುಕಾಲದಿಂದ ರಾಜನೀತಿಜ್ಞರನ್ನು ಕಾಡಿರುವ ಪ್ರಶ್ನೆ. 2011ನೆಯ ಇಸವಿಯಲ್ಲಿ ಅರಬ್ಬೀ ದೇಶಗಳ ಪ್ರಜೆಗಳು ತಮ್ಮ ನಿರಂಕುಶ ಪ್ರಭುಗಳನ್ನು ಪೀಠದಿಂದಿಳಿಸಿದಾಗ ಇದೇ ಪ್ರಶ್ನೆಯು ಅವರ ಮುಂದೆ ಬಂದು ನಿಂತಿತು. ಲಿಬಿಯ, ಯೆಮನ್, ಸಿರಿಯ ದೇಶಗಳಲ್ಲಿ ಅದು ಶಸ್ತ್ರಗಳ ಘೋಷದಲ್ಲಿ ಮುಳುಗಿಹೋಯಿತು. ಈಜಿಪ್ಟಿನಲ್ಲಿಯೂ ಟ್ಯುನೀಷಿಯದಲ್ಲಿಯೂ ಮಾತ್ರ ಅದು ಮತಪೆಟ್ಟಿಗೆಯವರೆಗೂ ರಾಜ್ಯಾಂಗದ ವಾಕ್ಯಗಳವರೆಗೂ ಬಂದಿತು. ಆದುದರಿಂದ ಈ ಎರಡು ದೇಶಗಳ ವೃತ್ತಾಂತವನ್ನೇ ಇಲ್ಲಿ ಪರಿಶೀಲಿಸುವೆವು.

ಇಸ್ಲಾಂ ಮತಕ್ಕೂ ಪ್ರಜಾಧಿಪತ್ಯಕ್ಕೂ ಹುಟ್ಟಿನಿಂದಲೇ ವಿರೋಧವುಂಟೆಂದು ಹೇಳುವವರಿದ್ದಾರೆ. ಚರಿತ್ರೆಯು ಈ ಮಾತಿಗೆ ಸಮ್ಮತಿಸುವುದಿಲ್ಲ. ಟ್ಯುನೀಷಿಯದ ದೊರೆಯು 1857ರಲ್ಲಿಯೇ ಒಂದು ಅಭಯಪತ್ರವನ್ನು ಹೊರಡಿಸಿ, ಯಾವ ಮತದವರಾದರೂ ಪ್ರಜೆಗಳೆಲ್ಲರ ಪ್ರಾಣ ಮಾನ ಸ್ವತ್ತುಗಳಿಗೆ ರಕ್ಷಣೆಯನ್ನು ವಾಗ್ದಾನಮಾಡಿದ್ದನು. 1861ರಲ್ಲಿ ಅಲ್ಲಿ ಲಿಖಿತವಾದ ರಾಜ್ಯಾಂಗವೇ ಜಾರಿಗೆ ಬಂದಿತು. ಅರಬ್ಬೀ ಲೋಕದಲ್ಲಿ ಅದೇ ಮೊದಲನೆಯದು. 1864ರಲ್ಲಿ ತಲೆಗಂದಾಯದ ಹೆಚ್ಚಳದಿಂದ ಜನರು ದಂಗೆಯೆದ್ದಾಗ ಆ ರಾಜ್ಯಾಂಗವು ನಿಂತುಹೋಯಿತು. ಅದನ್ನು ನಿಲ್ಲಿಸಿದುದು ಬೊಕ್ಕಸದ ಬಡತನ ಮತ್ತು ತೆರಿಗೆಯ ಭಾರ, ಮತವಲ್ಲ. ಈಜಿಪ್ಟಿನ 1923ರ ರಾಜ್ಯಾಂಗವು ಎರಡು ಸಭೆಗಳುಳ್ಳ ಶಾಸನಸಭೆಯನ್ನು ಏರ್ಪಡಿಸಿ, ಇಸ್ಲಾಮನ್ನು ರಾಜ್ಯದ ಮತವೆಂದೂ ಸಾರಿತು. ಎರಡೂ ಒಂದೇ ಪತ್ರದಲ್ಲಿ ಅಕ್ಕಪಕ್ಕದಲ್ಲಿದ್ದುವು.

ಆದರೆ ಅವುಗಳ ಪರಸ್ಪರ ಸಂಬಂಧವೇನೆಂಬುದು ಇತ್ಯರ್ಥವಾಗಿರಲಿಲ್ಲ. ಯಾವ ಖಲೀಫ ಪದವಿಯ ರಕ್ಷಣೆಗಾಗಿ ನಮ್ಮ ದೇಶದಲ್ಲಿಯೂ ಖಿಲಾಫತ್ ಚಳವಳಿ ನಡೆಯಿತೋ ಆ ಪದವಿಯನ್ನು 1924ರಲ್ಲಿ ತುರ್ಕಿಯು ರದ್ದುಮಾಡಿತು. ಮರುವರ್ಷವೇ ಈಜಿಪ್ಟಿನ ಷರೀಯತ್ ನ್ಯಾಯಾಧೀಶರಾಗಿದ್ದ ಅಲಿ ಅಬ್ದುಲ್ ರಾಜಿಕ್ ಎಂಬ ವಿದ್ವಾಂಸರು ಒಂದು ಗ್ರಂಥವನ್ನು ಬರೆದು, ಖಲೀಫನ ಆಡಳಿತವು ಮತದ ಅಂಗವಲ್ಲವೆಂದೂ, ಮುಸಲ್ಮಾನರು ತಮ್ಮ ರಾಜ್ಯಪದ್ಧತಿಯನ್ನು ಬುದ್ಧಿಯಿಂದಲೂ ಅನುಭವದಿಂದಲೂ ಕಟ್ಟಿಕೊಳ್ಳಲು ಸ್ವತಂತ್ರರೆಂದೂ ಪ್ರತಿಪಾದಿಸಿದರು. ಅಲ್ ಅಜರ್ ವಿದ್ಯಾಪೀಠದ ಹಿರಿಯ ಉಲೇಮಾಗಳು ಅವರನ್ನು ತಮ್ಮ ಪಂಕ್ತಿಯಿಂದ ಹೊರಹಾಕಿದರು. 1928ರಲ್ಲಿ ಇಸ್ಮಾಯಿಲಿಯ ಪಟ್ಟಣದಲ್ಲಿ ಹಸನ್ ಅಲ್ ಬನ್ನ ಎಂಬ ಉಪಾಧ್ಯಾಯರು 'ಮುಸ್ಲಿಂ ಸಹೋದರರ ಸಂಘ'ವನ್ನು ಸ್ಥಾಪಿಸಿದರು. ಮತವು ಮನೆ, ಪಾಠಶಾಲೆ, ಅಂಗಡಿ, ಸರ್ಕಾರ ಎಲ್ಲವನ್ನೂ ಆಳಬೇಕೆಂಬುದು ಅವರ ಪಕ್ಷ. ಮುಂದೆ ನಡೆದ ವಾದವೆಲ್ಲವೂ ಈ ಇಬ್ಬರು ನಿಂತ ಎರಡು ನೆಲೆಗಳ ನಡುವಣದು.

ಸ್ವಾತಂತ್ರ್ಯಾನಂತರ ಬಂದ ಪ್ರಭುಗಳು ಈ ವಾದವನ್ನು ಜನರ ಕೈಗೆ ಬಿಡಲಿಲ್ಲ. ಅವರು ರಾಜ್ಯದಿಂದ ಮತವನ್ನು ಬೇರ್ಪಡಿಸಿದರೆಂದು ಹಲವರು ತಿಳಿದಿದ್ದಾರೆ. ವಾಸ್ತವವಾಗಿ ಅವರು ಮತವನ್ನು ರಾಜ್ಯದ ಒಂದು ಇಲಾಖೆಯನ್ನಾಗಿ ಮಾಡಿಕೊಂಡರು. ಟ್ಯುನೀಷಿಯದಲ್ಲಿ ಹಬೀಬ್ ಬುರ್ಗೀಬರು 1956ರ ಕುಟುಂಬ ಶಾಸನದಿಂದ ಬಹುಪತ್ನೀತ್ವವನ್ನು ನಿಷೇಧಿಸಿದುದು ಸ್ತ್ರೀಯರಿಗೆ ಮಹೋಪಕಾರವಾಯಿತು, ನಿಜ. ಆದರೆ ಪ್ರಾಚೀನವಾದ ಜೈತೂನ ವಿದ್ಯಾಪೀಠದ ಸ್ವಾತಂತ್ರ್ಯವೂ ಅದೇ ಕೈಯಿಂದ ಅಳಿಯಿತು. ಈಜಿಪ್ಟಿನಲ್ಲಿ ನಾಸರರು 1955ರಲ್ಲಿ ಷರೀಯತ್ ನ್ಯಾಯಾಲಯಗಳನ್ನು ತೆಗೆದುಹಾಕಿ, 1961ರಲ್ಲಿ ಅಲ್ ಅಜರನ್ನು ಸರ್ಕಾರದ ಅಧೀನಕ್ಕೆ ತಂದರು. ಬಳಿಕ ಬಂದ ಸಾದತರು 1980ರಲ್ಲಿ ರಾಜ್ಯಾಂಗವನ್ನು ತಿದ್ದಿ, ಷರೀಯತ್ತಿನ ತತ್ವಗಳೇ ಶಾಸನಕ್ಕೆ ಪ್ರಧಾನ ಮೂಲವೆಂದು ಬರೆಸಿದರು. ಒಬ್ಬರು ಮತವನ್ನು ಕಟ್ಟಿಹಾಕಿದರು, ಇನ್ನೊಬ್ಬರು ಅದನ್ನು ಅಲಂಕಾರವಾಗಿ ಧರಿಸಿದರು. ಪ್ರಜೆಯನ್ನು ಕೇಳಿದವರು ಯಾರೂ ಇಲ್ಲ. ಇತ್ತ ಸಹೋದರರ ಸಂಘವು 1954ರಲ್ಲಿ ಬಹಿಷ್ಕೃತವಾಯಿತು. ಟ್ಯುನೀಷಿಯದಲ್ಲಿ ರಾಷೀದ್ ಘನ್ನೂಷಿಯವರ ಮುಖಂಡತ್ವದಲ್ಲಿ ಬೆಳೆದ 'ಎನ್ನಹ್ದ', ಎಂದರೆ 'ಪುನರುತ್ಥಾನ' ಪಕ್ಷವು 1990ರ ದಶಕದಲ್ಲಿ ಸೆರೆಮನೆಗಳ ಪಾಲಾಯಿತು. ಉಳಿದ ಸಭೆಗಳೆಲ್ಲ ಮುಚ್ಚಿದ್ದ ದೇಶಗಳಲ್ಲಿ ಜನರು ಕಲೆಯಬಹುದಾಗಿದ್ದ ಸ್ಥಳವು ಮಸೀದಿಯೊಂದೇ. ಹೀಗಾಗಿ ದಬ್ಬಾಳಿಕೆಯು ಯಾವ ಪಕ್ಷವನ್ನು ಅಳಿಸಬೇಕೆಂದಿತೋ ಆ ಪಕ್ಷಕ್ಕೇ ತ್ಯಾಗದ ಕೀರ್ತಿಯನ್ನೂ ಗಟ್ಟಿಯಾದ ಸಂಘಟನೆಯನ್ನೂ ಒದಗಿಸಿಕೊಟ್ಟಿತು.

ಕ್ರಾಂತಿಯನ್ನು ಹುಟ್ಟಿಸಿದುದಾದರೋ ಮತಪಕ್ಷಗಳಲ್ಲ. 2010ನೆಯ ಡಿಸೆಂಬರ್ 17ರಂದು ಟ್ಯುನೀಷಿಯದ ಸಿದಿ ಬೂಜಿದ್ ಎಂಬ ಊರಿನಲ್ಲಿ, ತಳ್ಳುಗಾಡಿಯಲ್ಲಿ ಹಣ್ಣು ತರಕಾರಿ ಮಾರುತ್ತಿದ್ದ ಮಹಮ್ಮದ್ ಬೂಅಜೀಜಿ ಎಂಬ ಯುವಕನು ಅಧಿಕಾರಿಗಳ ಕಿರುಕುಳವನ್ನು ತಾಳಲಾರದೆ ಮೈಗೆ ಬೆಂಕಿಯಿಟ್ಟುಕೊಂಡನು. ಅವನು ಸತ್ತ ಹತ್ತನೆಯ ದಿನ, ಜನವರಿ 14ರಂದು, 1987ರಿಂದ ಆಳುತ್ತಿದ್ದ ಬೆನ್ ಅಲಿ ದೇಶಬಿಟ್ಟು ಓಡಿದರು. ಫೆಬ್ರವರಿ 11ರಂದು ಈಜಿಪ್ಟಿನ ಮುಬಾರಕರು ಸುಮಾರು ಮೂವತ್ತು ವರ್ಷಗಳ ಅಧಿಕಾರವನ್ನು ತ್ಯಜಿಸಿದರು. ಬೀದಿಗಳಲ್ಲಿ ಕೇಳಿಬಂದ ಕೂಗು ಅನ್ನ, ಸ್ವಾತಂತ್ರ್ಯ, ಮಾನ ಇವುಗಳಿಗಾಗಿ. ಆದರೆ ಬೀದಿಯಲ್ಲಿ ಕೂಗಿದವರಿಗೆ ಪಕ್ಷವಿರಲಿಲ್ಲ. ಪಕ್ಷವನ್ನು ಕಟ್ಟಿಕೊಂಡಿದ್ದವರು ಚುನಾವಣೆಯನ್ನು ಗೆದ್ದರು.

ಈಜಿಪ್ಟಿನಲ್ಲಿ 2011-12ರ ಚುನಾವಣೆಯಲ್ಲಿ ಸಹೋದರರ ಸಂಘದ ಕೂಟವು ಪ್ರತಿನಿಧಿ ಸಭೆಯ ಹೆಚ್ಚು ಕಡಮೆ ಅರ್ಧದಷ್ಟು ಸ್ಥಾನಗಳನ್ನೂ, ಅದಕ್ಕಿಂತ ತೀವ್ರವಾದಿಗಳಾದ ಸಲಫಿಗಳು ಸುಮಾರು ಕಾಲುಭಾಗವನ್ನೂ ಪಡೆದರು. ಆ ಸಭೆಯನ್ನು ನ್ಯಾಯಾಲಯವು 2012ರ ಜೂನಿನಲ್ಲಿ ವಿಸರ್ಜಿಸಿತು. ಅದೇ ತಿಂಗಳು ಸಂಘದ ಮಹಮ್ಮದ್ ಮುರ್ಸಿಯವರು ನೂರಕ್ಕೆ 51.7 ಮತಗಳಿಂದ ಅಧ್ಯಕ್ಷರಾದರು. ನವೆಂಬರಿನಲ್ಲಿ ಅವರು ತಮ್ಮ ಆಜ್ಞೆಗಳನ್ನು ಯಾವ ನ್ಯಾಯಾಲಯವೂ ಪ್ರಶ್ನಿಸಕೂಡದೆಂದು ಘೋಷಿಸಿದರು. ಕ್ರೈಸ್ತಸಭೆಗಳ ಪ್ರತಿನಿಧಿಗಳೂ ಉದಾರವಾದಿಗಳೂ ರಾಜ್ಯಾಂಗರಚನಾಸಭೆಯಿಂದ ಎದ್ದುಹೋಗಿದ್ದರೂ ಉಳಿದವರು ಕರಡನ್ನು ತರಾತುರಿಯಿಂದ ಮುಗಿಸಿದರು. ಷರೀಯತ್ತಿನ ತತ್ವಗಳೆಂದರೇನೆಂಬುದನ್ನು ಸುನ್ನಿ ಶಾಸ್ತ್ರಪರಂಪರೆಗೆ ಅನುಸಾರವಾಗಿ ನಿರ್ವಚಿಸುವ 219ನೆಯ ವಿಧಿಯನ್ನು ಅದರಲ್ಲಿ ಸೇರಿಸಿದರು. ಡಿಸೆಂಬರಿನ ಜನಮತಗಣನೆಯಲ್ಲಿ ನೂರಕ್ಕೆ ಸುಮಾರು 64 ಮಂದಿ ಒಪ್ಪಿದರೆಂಬುದು ನಿಜ; ಆದರೆ ಮತಹಾಕಲು ಬಂದವರು ಮೂರರಲ್ಲಿ ಒಂದು ಪಾಲು ಮಾತ್ರ. ದೇಶದ ಮತದಾರರಲ್ಲಿ ಐದನೆಯ ಒಂದು ಭಾಗದ ಸಮ್ಮತಿಯ ಮೇಲೆ ಎಲ್ಲರಿಗೂ ಅನ್ವಯಿಸುವ ಮೂಲಶಾಸನವು ನಿಂತಿತು. ಗೆದ್ದವರು ಎಣಿಕೆಯನ್ನು ಬಲ್ಲವರಾಗಿದ್ದರು, ಒಪ್ಪಿಗೆಯನ್ನು ಸಂಪಾದಿಸಬಲ್ಲವರಾಗಿರಲಿಲ್ಲ.

ಇದರ ಫಲವು ಬೇಗನೆ ಬಂದಿತು. 2013ರ ಜೂನ್ 30ರಂದು ಜನಸಾಗರವೇ ಮುರ್ಸಿಯವರ ವಿರುದ್ಧ ಬೀದಿಗಿಳಿಯಿತು. ಜುಲೈ 3ರಂದು ಸೇನಾಪತಿ ಸಿಸಿಯವರು ಅವರನ್ನು ಪದಚ್ಯುತಗೊಳಿಸಿದರು. ಆ ಘೋಷಣೆಯ ವೇಳೆ ಸೇನಾಪತಿಯ ಸಮೀಪದಲ್ಲಿ ಅಲ್ ಅಜರಿನ ಮಹಾಶೇಖರೂ ಕಾಪ್ಟಿಕ್ ಕ್ರೈಸ್ತರ ಧರ್ಮಾಧ್ಯಕ್ಷರೂ ಸಲಫಿಗಳ ಪ್ರತಿನಿಧಿಯೂ ಕುಳಿತಿದ್ದುದನ್ನು ಲೋಕವೆಲ್ಲ ನೋಡಿತು. ಮತವನ್ನು ರಾಜಕೀಯದಿಂದ ತೊಲಗಿಸಲು ಬಂದ ಸೇನೆಯೂ ಮತಾಚಾರ್ಯರ ಆಶೀರ್ವಾದವಿಲ್ಲದೆ ಕಾರ್ಯಕ್ಕೆ ಕೈಹಾಕಲಿಲ್ಲ! ಆಗಸ್ಟ್ 14ರಂದು ಕೈರೋ ನಗರದ ರಾಬಾ ಚೌಕದಲ್ಲಿ ಮುರ್ಸಿಯವರ ಬೆಂಬಲಿಗರನ್ನು ಚದರಿಸಿದಾಗ ಎಂಟು ನೂರಕ್ಕೂ ಹೆಚ್ಚು ಮಂದಿ ಹತರಾದರೆಂದು ಮಾನವಹಕ್ಕುಗಳ ಪರಿಶೋಧಕರು ಲೆಕ್ಕಮಾಡಿದ್ದಾರೆ. 2014ರ ಹೊಸ ರಾಜ್ಯಾಂಗವು 219ನೆಯ ವಿಧಿಯನ್ನು ತೆಗೆದುಹಾಕಿ, ಮತದ ಆಧಾರದ ಮೇಲೆ ಪಕ್ಷಗಳನ್ನು ಕಟ್ಟಬಾರದೆಂದು ವಿಧಿಸಿತು. ಸಾದತರ ಕಾಲದ ಷರೀಯತ್ ವಾಕ್ಯವನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿತು. ಅದೇ ವರ್ಷದಿಂದ ಶುಕ್ರವಾರದ ಉಪನ್ಯಾಸದ ವಿಷಯವನ್ನು ಮಸೀದಿಗಳಿಗೆಲ್ಲ ಸರ್ಕಾರದ ಇಲಾಖೆಯೇ ಗೊತ್ತುಮಾಡತೊಡಗಿತು. ಮುರ್ಸಿಯವರು 2019ರ ಜೂನ್ 17ರಂದು ನ್ಯಾಯಸ್ಥಾನದಲ್ಲಿಯೇ ಕುಸಿದು ತೀರಿಕೊಂಡರು.

ಇನ್ನು ಟ್ಯುನೀಷಿಯವನ್ನು ನೋಡೋಣ. ಅಲ್ಲಿ 2011ರ ಅಕ್ಟೋಬರಿನಲ್ಲಿ ಎನ್ನಹ್ದ ಪಕ್ಷವು ರಾಜ್ಯಾಂಗರಚನಾಸಭೆಯ 217 ಸ್ಥಾನಗಳಲ್ಲಿ 89ನ್ನು ಗಳಿಸಿತು. ಎಲ್ಲರಿಗಿಂತ ದೊಡ್ಡ ಪಕ್ಷವಾದರೂ ಬಹುಮತವಿರಲಿಲ್ಲ. ಮತಾತೀತರಾದ ಎರಡು ಪಕ್ಷಗಳೊಡನೆ ಕೂಡಿ ಸರ್ಕಾರವನ್ನು ನಡೆಸಬೇಕಾಯಿತು. ರಾಜ್ಯಾಂಗದಲ್ಲಿ ಷರೀಯತ್ತಿನ ಹೆಸರು ಬರಬೇಕೆಂದು ಪಕ್ಷದ ಅನೇಕರು ಒತ್ತಾಯಪಡಿಸಿದರು. 2012ರ ಮಾರ್ಚಿಯಲ್ಲಿ ಘನ್ನೂಷಿಯವರು ಅದನ್ನು ಬಿಟ್ಟುಕೊಟ್ಟರು. ಸ್ತ್ರೀಯನ್ನು ಪುರುಷನ 'ಪೂರಕ'ಳೆಂದು ವರ್ಣಿಸಿದ ಕರಡಿನ ವಾಕ್ಯಕ್ಕೆ ಆ ವರ್ಷದ ಆಗಸ್ಟಿನಲ್ಲಿ ಮಹಿಳೆಯರು ಬೀದಿಯಲ್ಲಿ ಪ್ರತಿಭಟಿಸಿದಾಗ ಅದನ್ನೂ ಕೈಬಿಡಲಾಯಿತು.

ಹಾಗೆಂದು ಅಲ್ಲಿನ ದಾರಿಯು ಸುಗಮವಾಗಿರಲಿಲ್ಲ. 2013ರಲ್ಲಿ ಫೆಬ್ರವರಿ 6ರಂದು ಷುಕ್ರಿ ಬೆಲೈದ್, ಜುಲೈ 25ರಂದು ಮಹಮ್ಮದ್ ಬ್ರಾಹ್ಮಿ ಎಂಬ ಇಬ್ಬರು ವಾಮಪಕ್ಷದ ಮುಖಂಡರು ಕೊಲೆಯಾದರು. ರಾಜ್ಯಾಂಗರಚನಾಸಭೆಯ ಕಾರ್ಯವು ಸ್ಥಗಿತವಾಯಿತು. ಈಜಿಪ್ಟಿನ ರಕ್ತಪಾತವು ಕಣ್ಣಮುಂದಿತ್ತು. ಆಗ ಕಾರ್ಮಿಕರ ಮಹಾಸಂಘ, ಉದ್ಯಮಿಗಳ ಸಂಘ, ವಕೀಲರ ಸಂಘ, ಮಾನವಹಕ್ಕುಗಳ ಸಂಘ ಈ ನಾಲ್ಕೂ ಸೇರಿ ಎದುರಾಳಿಗಳನ್ನು ಒಂದೇ ಮೇಜಿನ ಸುತ್ತ ಕೂಡಿಸಿದುವು. ಈ ಸೇವೆಗಾಗಿ ಅವಕ್ಕೆ 2015ರ ನೊಬೆಲ್ ಶಾಂತಿ ಪಾರಿತೋಷಕವು ಸಂದಿತು. ಎನ್ನಹ್ದದ ಸರ್ಕಾರವು ಚುನಾವಣೆಯಲ್ಲಿ ಸೋಲದೆಯೇ ಅಧಿಕಾರವನ್ನು ಬಿಟ್ಟಿಳಿಯಿತು. 2014ರ ಜನವರಿ 26ರಂದು ರಾಜ್ಯಾಂಗಕ್ಕೆ ಸಭೆಯಲ್ಲಿ 200 ಮಂದಿ ಒಪ್ಪಿಗೆಯಿತ್ತರು. ವಿರೋಧಿಸಿದವರು 12 ಮಂದಿ.

ಆ ರಾಜ್ಯಾಂಗದ ವಾಕ್ಯಗಳು ಮನನಯೋಗ್ಯವಾಗಿವೆ. ಟ್ಯುನೀಷಿಯದ ಮತವು ಇಸ್ಲಾಂ ಎಂದು ಒಂದನೆಯ ವಿಧಿಯು ಹೇಳಿತು. ಪೌರತ್ವ, ಪ್ರಜೆಗಳ ಇಚ್ಛೆ, ಶಾಸನದ ಪಾರಮ್ಯ ಇವುಗಳ ಮೇಲೆ ನಿಂತ ಲೌಕಿಕರಾಜ್ಯವಿದೆಂದು ಎರಡನೆಯದು ಹೇಳಿತು. ಆರನೆಯದು ರಾಜ್ಯವನ್ನು ಮತದ ಪಾಲಕನೆಂದು ಕರೆದು, ಅದೇ ಉಸಿರಿನಲ್ಲಿ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಕೊಟ್ಟಿತು; ಒಬ್ಬನನ್ನು ಇನ್ನೊಬ್ಬನು ಮತಭ್ರಷ್ಟನೆಂದು ಸಾರುವುದನ್ನು ನಿಷೇಧಿಸಿತು. ಅಂತಃಸಾಕ್ಷಿಯ ಸ್ವಾತಂತ್ರ್ಯವೆಂಬುದು ನಮ್ಮ ರಾಜ್ಯಾಂಗದ 25ನೆಯ ವಿಧಿಯಲ್ಲಿಯೂ ಇರುವುದನ್ನು ವಾಚಕರು ಬಲ್ಲರು. ತರ್ಕದೃಷ್ಟಿಯಿಂದ ನೋಡಿದರೆ ಈ ವಾಕ್ಯಗಳು ಒಂದಕ್ಕೊಂದು ಹೊಂದುವುವೇ ಎಂದು ಸಂದೇಹಪಡಬಹುದು. ಆದರೆ ಒಂದೊಂದು ವಾಕ್ಯದಲ್ಲಿಯೂ ಒಂದೊಂದು ಪಕ್ಷವು ತನ್ನ ಮನೆಯನ್ನು ಗುರುತಿಸಿಕೊಳ್ಳಬಹುದಾಗಿತ್ತು. ಎನ್ನಹ್ದವು 2016ರ ತನ್ನ ಮಹಾಸಮ್ಮೇಳನದಲ್ಲಿ ಮತಬೋಧನೆಯ ಕಾರ್ಯವನ್ನು ರಾಜಕೀಯದಿಂದ ಬೇರೆಮಾಡಿತು.

ಇಷ್ಟಾದರೂ ಈ ಕಟ್ಟಡವು ನಿಲ್ಲಲಿಲ್ಲ. ಅದನ್ನು ಕೆಡವಿದವರು ಮತವಾದಿಗಳೂ ಅಲ್ಲ, ಸೇನೆಯೂ ಅಲ್ಲ. 2019ರಲ್ಲಿ ಪ್ರಜೆಗಳೇ ಆರಿಸಿದ ಅಧ್ಯಕ್ಷ ಕೈಸ್ ಸಯೀದ್ ಎಂಬ ನ್ಯಾಯಶಾಸ್ತ್ರದ ಅಧ್ಯಾಪಕರು. ನಿರುದ್ಯೋಗವು ತಗ್ಗಿರಲಿಲ್ಲ, ಪಕ್ಷಗಳ ಒಳಜಗಳದಿಂದ ಜನರು ಬೇಸತ್ತಿದ್ದರು. 2021ರ ಜುಲೈ 25ರಂದು ಅವರು ಶಾಸನಸಭೆಯನ್ನು ಅಮಾನತಿನಲ್ಲಿಟ್ಟಾಗ ಅನೇಕರು ಹರ್ಷಧ್ವನಿಮಾಡಿದರು. ಇದು ನ್ಯಾಯವೇ ಅನ್ಯಾಯವೇ ಎಂದು ತೀರ್ಪುಕೊಡಬೇಕಾಗಿದ್ದ ರಾಜ್ಯಾಂಗ ನ್ಯಾಯಾಲಯವು ಹುಟ್ಟಿಯೇ ಇರಲಿಲ್ಲ. ಒಂದು ವರ್ಷದೊಳಗೆ ಅದನ್ನು ಸ್ಥಾಪಿಸತಕ್ಕದ್ದೆಂದು 2014ರ ರಾಜ್ಯಾಂಗವು ವಿಧಿಸಿದ್ದರೂ, ಸದಸ್ಯರ ಆಯ್ಕೆಯಲ್ಲಿ ಪಕ್ಷಗಳು ಒಮ್ಮತಕ್ಕೆ ಬಾರದೆ ಏಳು ವರ್ಷಗಳನ್ನು ಕಳೆದಿದ್ದುವು. ಮರುವರ್ಷ ಹೊಸ ರಾಜ್ಯಾಂಗವೊಂದು ಜನಮತಗಣನೆಗೆ ಬಂದಿತು; ಮತಕೊಟ್ಟವರು ನೂರಕ್ಕೆ ಮೂವತ್ತರಷ್ಟು. ಅದರ ಐದನೆಯ ವಿಧಿಯು ಇಸ್ಲಾಮಿನ ಪರಮೋದ್ದೇಶಗಳನ್ನು ನೆರವೇರಿಸುವ ಹೊಣೆ ರಾಜ್ಯವೊಂದರದೇ ಎಂದಿತು. 2022ರ ಡಿಸೆಂಬರಿನ ಶಾಸನಸಭೆಯ ಚುನಾವಣೆಗೆ ಬಂದವರು ನೂರಕ್ಕೆ ಹನ್ನೊಂದರಷ್ಟು ಮಾತ್ರ. 2023ರ ಏಪ್ರಿಲಿನಲ್ಲಿ ವೃದ್ಧರಾದ ಘನ್ನೂಷಿಯವರು ಬಂಧಿತರಾದರು.

ಈ ವೃತ್ತಾಂತದಿಂದ ತಿಳಿಯತಕ್ಕದ್ದೇನು? ಮೊದಲನೆಯದಾಗಿ, ಶ್ರದ್ಧಾವಂತರು ರಾಜಕೀಯಕ್ಕೆ ಬಂದ ಮಾತ್ರದಿಂದ ಪ್ರಜಾಪ್ರಭುತ್ವವು ಕೆಡುವುದಿಲ್ಲ. ಈಜಿಪ್ಟಿನ ಸಂಘವೂ ಟ್ಯುನೀಷಿಯದ ಪಕ್ಷವೂ ಒಂದೇ ಬುಡದ ಕವಲುಗಳು; ಒಂದು ತನ್ನ ಎಣಿಕೆಯನ್ನು ನಂಬಿ ಕೆಟ್ಟಿತು, ಇನ್ನೊಂದು ಎದುರಾಳಿಯ ಭಯವನ್ನು ಅರಿತು ತಗ್ಗಿ ನಡೆಯಿತು. ಎರಡನೆಯದಾಗಿ, ಮತಪಕ್ಷವನ್ನು ಬಲದಿಂದ ತೊಲಗಿಸಿದರೆ ಮತವು ರಾಜಕೀಯದಿಂದ ತೊಲಗುವುದೆಂಬುದು ಭ್ರಮೆ. ಎರಡು ದೇಶಗಳಲ್ಲಿಯೂ ಆ ಪಕ್ಷಗಳು ಸೆರೆಗೆ ಹೋದುವು. ಮತದ ಅರ್ಥವನ್ನು ಹೇಳುವ ಅಧಿಕಾರವು ಮಾತ್ರ ಪ್ರಜೆಯ ಕೈಗೆ ಬಾರದೆ ಪ್ರಭುವಿನ ಕೈಗೇ ಮರಳಿತು. ಮೂರನೆಯದಾಗಿ, ಒಳ್ಳೆಯ ವಾಕ್ಯಗಳು ಸಾಲವು. ಅವುಗಳನ್ನು ಕಾಯುವ ನ್ಯಾಯಪೀಠವೂ ಜನರ ಹೊಟ್ಟೆಗೆ ಅನ್ನವೂ ಬೇಕು. 1864ರಲ್ಲಿ ರಾಜ್ಯಾಂಗವನ್ನು ಮುಳುಗಿಸಿದ ಬಡತನವು 2021ರಲ್ಲಿಯೂ ಕೈಜೋಡಿಸಿತು.

ಬಹುಮತವು ಸರ್ಕಾರವನ್ನು ನೇಮಿಸಬಹುದು, ತೆರಿಗೆಯನ್ನು ಗೊತ್ತುಮಾಡಬಹುದು. ಒಬ್ಬನ ಅಂತಃಸಾಕ್ಷಿಯನ್ನು ಗೊತ್ತುಮಾಡುವ ಅಧಿಕಾರವು ಬಹುಮತಕ್ಕೂ ಇಲ್ಲ, ಅಧ್ಯಕ್ಷನಿಗೂ ಇಲ್ಲ. ಈ ಮೇರೆಯನ್ನು ಎರಡು ಕಡೆಯವರೂ ಕೂಡಿ ಎಳೆಯಬೇಕು, ಕೂಡಿಯೇ ಕಾಯಬೇಕು. ಅರಬ್ಬೀ ಪ್ರಜೆಗಳು ಅದನ್ನು ಒಮ್ಮೆ ಟ್ಯೂನಿಸ್ ನಗರದಲ್ಲಿ ಎಳೆದು ತೋರಿಸಿದ್ದಾರೆ. ಅದು ಹೆಚ್ಚು ಕಾಲ ಉಳಿಯಲಿಲ್ಲವೆಂಬುದು ದುಃಖದ ಸಂಗತಿ. ಆದರೆ ಎಳೆಯಲು ಸಾಧ್ಯವೇ ಇಲ್ಲವೆಂದು ಇನ್ನು ಮೇಲೆ ಯಾರೂ ಹೇಳುವಂತಿಲ್ಲ.