ಗ್ರಾಹಕರ ಬಾಯಿಮಾತು: ಸಾಮಾಜಿಕ ಜಾಲತಾಣಗಳ ಕಾಲದವರೆಗಿನ ಇತಿಹಾಸ

ಸರಕು ಕೊಂಡವರು ತಮ್ಮ ಅನುಭವವನ್ನು ಇನ್ನೊಬ್ಬರಿಗೆ ಹೇಳುವುದು, ಆ ಮಾತಿನ ಬಲದ ಮೇಲೆ ವ್ಯಾಪಾರ ಕುದುರುವುದು ಅಥವಾ ಕೆಡುವುದು ಮಾರುಕಟ್ಟೆಯಷ್ಟೇ ಹಳೆಯ ಸಂಗತಿ. ಫೇಸ್‌ಬುಕ್, ಯೂಟ್ಯೂಬ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್‌ಗಳ ಕಾಲದಲ್ಲಿ ಈ ಮಾತಿಗೆ ಅಳತೆಗೋಲು ಬಂತು, ದರ ನಿಗದಿಯಾಯಿತು, ಕೊನೆಗೆ ಕಾನೂನೂ ಬಂತು. ಗ್ರಾಹಕರ ಮಾತನ್ನು ಜನ ನಂಬುವುದು, ಹಾಗೆ ಹೇಳಲು ಅವರಿಗೆ ಯಾರೂ ದುಡ್ಡು ಕೊಟ್ಟಿಲ್ಲ ಎಂಬ ಕಾರಣಕ್ಕೆ. ದುಡ್ಡು ಕೊಟ್ಟು ಅದನ್ನು ಹೇಳಿಸುವ ಪ್ರಯತ್ನವೂ ಬಹಳ ಹಳೆಯದು. ಈ ಎರಡರ ನಡುವಿನ ಎಳೆದಾಟ ಇಂದಿಗೂ ಮುಗಿದಿಲ್ಲ.

ಜೇಡಿಮಣ್ಣಿನ ದೂರಿನಿಂದ ಪತ್ರಿಕಾ ಜಾಹೀರಾತಿನವರೆಗೆ

ಇಂದಿನ ಇರಾಕ್‌ನಲ್ಲಿರುವ ಪ್ರಾಚೀನ ಉರ್ ನಗರದಲ್ಲಿ ಕ್ರಿ.ಪೂ. 1750ರ ಸುಮಾರಿಗೆ ಇಆ-ನಾಸಿರ್ ಎಂಬ ತಾಮ್ರದ ವರ್ತಕನಿದ್ದ. ಕಳಪೆ ತಾಮ್ರ ತೋರಿಸಿದ್ದೀಯೆ, ನನ್ನ ಆಳನ್ನು ಅವಮಾನಿಸಿ ಬರಿಗೈಯಲ್ಲಿ ಕಳಿಸಿದ್ದೀಯೆ ಎಂದು ನನ್ನಿ ಎಂಬ ಗಿರಾಕಿ ಅವನಿಗೆ ಜೇಡಿಮಣ್ಣಿನ ಹಲಗೆಯ ಮೇಲೆ ಬರೆಸಿ ಕಳಿಸಿದ ದೂರು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಗ್ರಾಹಕನೊಬ್ಬನ ಲಿಖಿತ ದೂರುಗಳಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯದೆಂದು ಇದನ್ನು ಸಾಮಾನ್ಯವಾಗಿ ಗುರುತಿಸುತ್ತಾರೆ. ನನ್ನಿಯ ಸಿಟ್ಟಿಗೆ ತಾಮ್ರದಷ್ಟೇ ತನ್ನ ಆಳಿಗಾದ ಅವಮರ್ಯಾದೆಯೂ ಕಾರಣವಾಗಿತ್ತು ಎಂಬುದನ್ನು ಗಮನಿಸಬೇಕು. ಗ್ರಾಹಕ ತೃಪ್ತಿಯ ಬಗ್ಗೆ ಮುಂದೆ ಬಂದ ಹಲವು ಸಿದ್ಧಾಂತಗಳು ಸರಕಿನ ಗುಣ ಮತ್ತು ನಡೆಸಿಕೊಂಡ ರೀತಿ ಎಂಬ ಈ ಎರಡು ಎಳೆಗಳನ್ನೇ ಹಿಡಿದು ಬೆಳೆದಿವೆ.

ಹೆಸರುವಾಸಿಯಾದವರ ಮಾತನ್ನು ಮಾರಾಟಕ್ಕೆ ಬಳಸುವ ಪದ್ಧತಿ ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಸ್ಪಷ್ಟ ರೂಪ ಪಡೆಯಿತು. ಪಾತ್ರೆ ತಯಾರಕ ಜೊಸಾಯ ವೆಜ್‌ವುಡ್‌ನ ಪಿಂಗಾಣಿ ಪಾತ್ರೆಗಳನ್ನು ರಾಣಿ ಷಾರ್ಲೆಟ್ ಕೊಂಡ ಮೇಲೆ ಅವನು ಆ ಮಾದರಿಗೆ ರಾಣಿಯ ಹೆಸರನ್ನೇ ಇಟ್ಟು ಮಾರಿದ. ಮುಂದಿನ ಶತಮಾನದಲ್ಲಿ ಸಾಮಾನ್ಯರ ಮಾತೂ ಸರಕಾಯಿತು. ಅಮೆರಿಕದ ಪೇಟೆಂಟ್ ಔಷಧ ಕಂಪನಿಗಳು ಗುಣಮುಖರಾದವರದೆಂದು ಹೇಳಿಕೊಂಡು ಪತ್ರಗಳನ್ನು ಪತ್ರಿಕೆಗಳ ತುಂಬ ಅಚ್ಚು ಹಾಕಿಸಿದವು. ಇವುಗಳಲ್ಲಿ ಹೆಚ್ಚು ಹೇಳಬೇಕಾದದ್ದು ಲಿಡಿಯಾ ಪಿಂಕ್‌ಹ್ಯಾಮ್ ಎಂಬಾಕೆಯ ಗಿಡಮೂಲಿಕೆ ಔಷಧದ ಕಥೆ. ಆಕೆಯ ಶಾಂತ ಮುಖದ ಚಿತ್ರ ಹಾಕಿ, ವೈದ್ಯರಿಗೆ ಹೇಳಲಾಗದ್ದನ್ನು ಶ್ರೀಮತಿ ಪಿಂಕ್‌ಹ್ಯಾಮ್‌ಗೆ ಬರೆಯಿರಿ ಎಂದು ಜಾಹೀರಾತು ಹೆಂಗಸರನ್ನು ಕರೆಯುತ್ತಿತ್ತು. ಸಾವಿರಾರು ಹೆಂಗಸರು ತಮ್ಮ ದೇಹದ ನೋವು, ಮನೆಯ ಸಂಕಟ ಎಲ್ಲವನ್ನೂ ಬರೆದರು. ಆದರೆ ಆಕೆ 1883ರಲ್ಲೇ ತೀರಿಹೋಗಿದ್ದರೂ ಜಾಹೀರಾತಿನ ಈ ಕರೆ ನಿಂತಿರಲಿಲ್ಲ. 1905ರಲ್ಲಿ ‘ಲೇಡೀಸ್ ಹೋಮ್ ಜರ್ನಲ್’ ಸಂಪಾದಕ ಎಡ್ವರ್ಡ್ ಬಾಕ್ ಆಕೆಯ ಸಮಾಧಿ ಕಲ್ಲಿನ ಚಿತ್ರವನ್ನೇ ಅಚ್ಚು ಹಾಕಿ ಇದನ್ನು ಬಯಲು ಮಾಡಿದ. ಅದೇ ವರ್ಷ ‘ಕಾಲಿಯರ್ಸ್’ ವಾರಪತ್ರಿಕೆಯಲ್ಲಿ ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಆ್ಯಡಮ್ಸ್ ಬರೆದ ಲೇಖನಮಾಲೆಯೂ ಸೇರಿ ಜನಾಭಿಪ್ರಾಯ ಕೆರಳಿತು. 1906ರಲ್ಲಿ ಅಮೆರಿಕ ಆಹಾರ ಮತ್ತು ಔಷಧ ಶುದ್ಧತೆಯ ಕಾಯ್ದೆ ತಂದಿತು. ಆಪ್ತತೆಯ ಸೋಗು ಹಾಕಿ ಮಾರುವುದು ಇಂಟರ್‌ನೆಟ್ ಕಾಲದ ಕೆಡುಕು ಎಂದುಕೊಂಡವರು ಈ ಪ್ರಕರಣವನ್ನು ತಿಳಿದಿರಬೇಕು.

ಭಾರತದಲ್ಲಿ ಚಿತ್ರತಾರೆಯರ ಶಿಫಾರಸು ಜನಪ್ರಿಯವಾದದ್ದು ಲಕ್ಸ್ ಸಾಬೂನಿನ ಜಾಹೀರಾತುಗಳಿಂದ. 1941ರಲ್ಲಿ ಅದರಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ನಟಿ ಲೀಲಾ ಚಿಟ್ನಿಸ್ ಧಾರವಾಡದಲ್ಲಿ ಹುಟ್ಟಿದವರು.

ನೆರೆಮನೆಯವರ ಮಾತಿನ ಅಧ್ಯಯನ

ರೇಡಿಯೊ, ಪತ್ರಿಕೆ ಹೇಳಿದ್ದನ್ನು ಜನ ನೇರವಾಗಿ ನಂಬುತ್ತಾರೆ ಎಂಬ ನಂಬಿಕೆ ಎರಡನೇ ಮಹಾಯುದ್ಧದ ನಂತರ ಅಲುಗಾಡಿತು. ಎಲಿಹು ಕಾಟ್ಜ್ ಮತ್ತು ಪಾಲ್ ಲಜಾರ್ಸ್‌ಫೆಲ್ಡ್ ಎಂಬ ಸಮಾಜವಿಜ್ಞಾನಿಗಳು 1955ರಲ್ಲಿ ಪ್ರಕಟಿಸಿದ ‘ಪರ್ಸನಲ್ ಇನ್‌ಫ್ಲುಯೆನ್ಸ್’ ಗ್ರಂಥ ಅಮೆರಿಕದ ಡಿಕೇಟರ್ ಎಂಬ ಊರಿನ ಸುಮಾರು 800 ಹೆಂಗಸರ ಅಧ್ಯಯನವನ್ನು ಆಧರಿಸಿತ್ತು. ದಿನಸಿ, ಉಡುಪು, ಸಿನಿಮಾ ಆಯ್ಕೆಗಳಲ್ಲಿ ಅವರ ಮೇಲೆ ಜಾಹೀರಾತಿಗಿಂತ ಪರಿಚಯದವರ ಮಾತಿನ ಪ್ರಭಾವವೇ ಹೆಚ್ಚೆಂದು ಅದು ತೋರಿಸಿತು. ಪ್ರತಿ ವಲಯದಲ್ಲೂ ಬೇರೆಯವರು ಸಲಹೆ ಕೇಳುವಂಥ ಕೆಲವರು ಇರುತ್ತಾರೆ, ಸುದ್ದಿ ಮೊದಲು ಅವರನ್ನು ಮುಟ್ಟಿ ಅವರಿಂದ ಉಳಿದವರಿಗೆ ಹರಿಯುತ್ತದೆ ಎಂಬುದು ಅದರ ಮುಖ್ಯ ವಾದ. ಇಂದಿನ ಇನ್‌ಫ್ಲುಯೆನ್ಸರ್ ಉದ್ಯಮದ ಬುಡ ಈ ತಿಳಿವಳಿಕೆಯಲ್ಲಿದೆ.

ವ್ಯಾಪಾರಿಗಳು ಇದನ್ನು ಅನುಭವದಿಂದಲೇ ಕಂಡುಕೊಂಡಿದ್ದರು. ಟಪ್ಪರ್‌ವೇರ್ ಡಬ್ಬಿಗಳು ಅಂಗಡಿಯಲ್ಲಿ ಸರಿಯಾಗಿ ಹೋಗುತ್ತಿರಲಿಲ್ಲ. ಬ್ರೌನಿ ವೈಸ್ ಎಂಬಾಕೆ ಮನೆಯಲ್ಲಿ ಗೆಳತಿಯರನ್ನು ಕೂಡಿಸಿ, ಮುಚ್ಚಳ ಹಾಕುವ ಬಗೆ ತೋರಿಸಿ ಮಾರತೊಡಗಿದಳು. 1951ರಲ್ಲಿ ಕಂಪನಿ ಅಂಗಡಿ ಮಾರಾಟವನ್ನೇ ಬಿಟ್ಟು ಈ ದಾರಿ ಹಿಡಿಯಿತು. 1954ರಲ್ಲಿ ವೈಸ್ ‘ಬಿಸಿನೆಸ್ ವೀಕ್’ ಮುಖಪುಟದಲ್ಲಿ ಕಾಣಿಸಿಕೊಂಡ ಮೊದಲ ಮಹಿಳೆಯಾದಳು, 1958ರಲ್ಲಿ ಅದೇ ಕಂಪನಿ ಆಕೆಯನ್ನು ಹೊರಹಾಕಿತು. ಸ್ನೇಹವನ್ನೇ ಬಂಡವಾಳವಾಗಿಸುವ ಮಾರಾಟದಲ್ಲಿ ಲಾಭ ಯಾರಿಗೆ ಸೇರುತ್ತದೆ ಎಂಬ ಪ್ರಶ್ನೆ ಅಂದೇ ಎದ್ದಿತ್ತು.

ತೃಪ್ತಿಯನ್ನು ಅಳೆಯುವ ಕೆಲಸ ಬೇರೆ ಹಾದಿಯಲ್ಲಿ ಸಾಗಿತು. ನಿರೀಕ್ಷಿಸಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ಅಂತರವೇ ತೃಪ್ತಿ ಅಥವಾ ಅತೃಪ್ತಿ ಎಂಬ ವಿವರಣೆಗೆ ಸಂಶೋಧಕ ರಿಚರ್ಡ್ ಆಲಿವರ್ 1980ರಲ್ಲಿ ಗಟ್ಟಿ ರೂಪ ಕೊಟ್ಟರು. ಸ್ವೀಡನ್ 1989ರಲ್ಲಿ ರಾಷ್ಟ್ರಮಟ್ಟದ ತೃಪ್ತಿ ಸೂಚ್ಯಂಕ ಆರಂಭಿಸಿತು. ಅದರ ಹಿಂದಿದ್ದ ಕ್ಲಾಸ್ ಫೋರ್ನೆಲ್ ಅವರ ನೇತೃತ್ವದಲ್ಲೇ 1994ರಲ್ಲಿ ಅಮೆರಿಕದ ಸೂಚ್ಯಂಕವೂ ಬಂತು. 2003ರಲ್ಲಿ ವಾಣಿಜ್ಯ ಸಲಹೆಗಾರ ಫ್ರೆಡ್ ರೈಕೆಲ್ಡ್ ಇದೆಲ್ಲವನ್ನೂ ಒಂದೇ ಪ್ರಶ್ನೆಗೆ ಇಳಿಸಿದರು: ನಮ್ಮನ್ನು ನಿಮ್ಮ ಸ್ನೇಹಿತರಿಗೆ ಶಿಫಾರಸು ಮಾಡುತ್ತೀರಾ? ಸೊನ್ನೆಯಿಂದ ಹತ್ತರವರೆಗಿನ ಅಂಕದಲ್ಲಿ 9, 10 ಕೊಟ್ಟವರ ಪ್ರಮಾಣದಿಂದ 6 ಅಥವಾ ಅದಕ್ಕಿಂತ ಕಡಿಮೆ ಕೊಟ್ಟವರ ಪ್ರಮಾಣ ಕಳೆದರೆ ಕಂಪನಿಯ ಅಂಕ ಬರುತ್ತದೆ. ಸರಳವಾದ್ದರಿಂದ ಇದು ಬೇಗ ಹರಡಿತು. ಆದರೆ ಅಂಕವೇ ಗುರಿಯಾದಾಗ ಸಿಬ್ಬಂದಿ ಗ್ರಾಹಕರ ಸಮಸ್ಯೆ ಬಿಟ್ಟು ಹತ್ತು ಅಂಕ ಬೇಡುವುದರಲ್ಲಿ ತೊಡಗುತ್ತಾರೆ. ಟ್ಯಾಕ್ಸಿ ಇಳಿಯುವಾಗ ಐದು ಸ್ಟಾರ್ ಕೊಡಿ ಎಂದು ಚಾಲಕ ಕೇಳಿಕೊಳ್ಳುವುದು ನಮ್ಮ ನಗರಗಳಲ್ಲೂ ನಿತ್ಯದ ಮಾತು. ಅವನ ದುಡಿಮೆ ಆ ಸ್ಟಾರ್‌ಗಳ ಮೇಲೆ ನಿಂತಿರುವುದರಿಂದ ತಪ್ಪು ಅವನದೆನ್ನಲಾಗದು.

ಅಪರಿಚಿತರ ಸಾಕ್ಷಿ

1995ರಲ್ಲಿ ಅಮೆಜಾನ್ ತನ್ನ ಪುಸ್ತಕದಂಗಡಿಯಲ್ಲಿ ಓದುಗರು ವಿಮರ್ಶೆ ಬರೆಯಲು ಅವಕಾಶ ಕೊಟ್ಟಿತು. ಮಾರುವ ಅಂಗಡಿಯೇ ಸರಕಿನ ಬೈಗುಳವನ್ನೂ ತನ್ನ ಕಪಾಟಿನ ಮೇಲೆ ಅಂಟಿಸಿದ್ದು ಆಗ ವಿಚಿತ್ರವಾಗಿ ಕಂಡಿತ್ತು. ಮರುವರ್ಷ ಈಬೇ ಕೊಂಡವರು ಮತ್ತು ಮಾರಿದವರು ಪರಸ್ಪರ ಅಭಿಪ್ರಾಯ ದಾಖಲಿಸುವ ವ್ಯವಸ್ಥೆ ತಂದಿತು. ಎಂದೂ ಮುಖ ನೋಡದ ಇಬ್ಬರು ದುಡ್ಡು ಕಳಿಸಿ ಸರಕು ತರಿಸಿಕೊಳ್ಳುವಷ್ಟು ನಂಬಿಕೆ ಇದರಿಂದ ಹುಟ್ಟಿತು. 2000ದಲ್ಲಿ ಟ್ರಿಪ್‌ಅಡ್ವೈಸರ್, 2004ರಲ್ಲಿ ಯೆಲ್ಪ್ ಎಂಬ ವಿಮರ್ಶೆಯ ಜಾಲತಾಣಗಳು ಬಂದವು. ಸಿಯಾಟಲ್ ನಗರದ ಹೋಟೆಲುಗಳನ್ನು ಅಧ್ಯಯನ ಮಾಡಿದ ಹಾರ್ವರ್ಡ್‌ನ ಮೈಕಲ್ ಲೂಕಾ, ಯೆಲ್ಪ್‌ನಲ್ಲಿ ಒಂದು ಸ್ಟಾರ್ ಹೆಚ್ಚಾದರೆ ಆದಾಯ ಶೇ 5ರಿಂದ 9ರಷ್ಟು ಏರುತ್ತದೆಂದು 2011ರಲ್ಲಿ ತೋರಿಸಿದರು. ಈ ಲಾಭ ದೊರೆತದ್ದು ಸ್ವತಂತ್ರ ಹೋಟೆಲುಗಳಿಗೆ ಮಾತ್ರ. ದೊಡ್ಡ ಸರಪಳಿ ಕಂಪನಿಗಳ ಮೇಲೆ ಪರಿಣಾಮ ಕಾಣಲಿಲ್ಲ. ಜಾಹೀರಾತಿಗೆ ಶಕ್ತಿಯಿಲ್ಲದ ಸಣ್ಣವರಿಗೆ ಗಿರಾಕಿಗಳ ಒಳ್ಳೆಯ ಮಾತು ಎಷ್ಟು ದೊಡ್ಡ ಆಸರೆ ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಪುರಾವೆ ಬೇಕಿಲ್ಲ.

ಬೆಲೆ ಬಂದ ಕೂಡಲೇ ಖೋಟಾ ಮಾತೂ ಬಂತು. 2004ರಲ್ಲಿ ತಾಂತ್ರಿಕ ದೋಷದಿಂದ ಅಮೆಜಾನ್‌ನ ಕೆನಡಾ ಜಾಲತಾಣ ಅನಾಮಿಕ ವಿಮರ್ಶಕರ ನಿಜ ಹೆಸರುಗಳನ್ನು ತೋರಿಸಿದಾಗ, ಕೆಲವು ಲೇಖಕರು ತಮ್ಮ ಪುಸ್ತಕಗಳನ್ನು ತಾವೇ ಹೊಗಳಿಕೊಂಡಿದ್ದು ಹೊರಬಿತ್ತು. 2017ರಲ್ಲಿ ಊಬಾ ಬಟ್ಲರ್ ಎಂಬ ಬರಹಗಾರ ತನ್ನ ಮನೆಯ ಶೆಡ್ಡನ್ನೇ ರೆಸ್ಟೋರೆಂಟ್ ಎಂದು ನೋಂದಾಯಿಸಿ, ಸುಳ್ಳು ವಿಮರ್ಶೆಗಳ ಬಲದಿಂದಲೇ ಟ್ರಿಪ್‌ಅಡ್ವೈಸರ್‌ನ ಲಂಡನ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿಸಿ ವ್ಯವಸ್ಥೆಯ ಪೊಳ್ಳುತನವನ್ನು ಜಗತ್ತಿಗೆ ತೋರಿಸಿದ.

ದೂರು ಬೀದಿಗೆ ಬಂದದ್ದು

ಸಾಮಾಜಿಕ ಜಾಲತಾಣಗಳು ಗ್ರಾಹಕರ ಕೈಗೆ ಕೊಟ್ಟ ಬಲ ಏನೆಂಬುದನ್ನು ಕಂಪನಿಗಳಿಗೆ ಮನದಟ್ಟು ಮಾಡಿದ್ದು ಕೆನಡಾದ ಗಾಯಕ ಡೇವ್ ಕ್ಯಾರೊಲ್. 2008ರಲ್ಲಿ ಯುನೈಟೆಡ್ ಏರ್‌ಲೈನ್ಸ್ ಪ್ರಯಾಣದಲ್ಲಿ, ಷಿಕಾಗೊ ನಿಲ್ದಾಣದಲ್ಲಿ ಸಿಬ್ಬಂದಿ ಸಾಮಾನು ಎಸೆದಾಡುತ್ತಿದ್ದುದನ್ನು ವಿಮಾನದಲ್ಲಿದ್ದವರು ಕಂಡರು. ಆತನ ಗಿಟಾರು ಮುರಿದಿತ್ತು. ರಿಪೇರಿಗೆ 1,200 ಡಾಲರ್ ತಗುಲಿತು. ತಿಂಗಳುಗಟ್ಟಲೆ ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಿ ಕೊನೆಗೆ ಕಂಪನಿ ಪರಿಹಾರ ನಿರಾಕರಿಸಿತು. ಕ್ಯಾರೊಲ್ ಈ ಬಗ್ಗೆ ಹಾಡು ಕಟ್ಟಿ 2009ರ ಜುಲೈ 6ರಂದು ಯೂಟ್ಯೂಬ್‌ಗೆ ಹಾಕಿದ. ಕೆಲವೇ ದಿನಗಳಲ್ಲಿ ಲಕ್ಷಾಂತರ ಮಂದಿ ಅದನ್ನು ನೋಡಿದರು. ಕಂಪನಿ ತಾನಾಗಿ ಮುಂದೆ ಬಂದು ಪರಿಹಾರದ ಮಾತಾಡಿತು. ಆತ ಅದನ್ನು ಪಡೆಯದೆ ದಾನಕ್ಕೆ ಕೊಡಲು ಹೇಳಿದ.

ಕೆಲವು ಕಂಪನಿಗಳು ಈ ಪಾಠವನ್ನು ಮೊದಲೇ ಕಲಿತಿದ್ದವು. ಕೇಬಲ್ ಕಂಪನಿ ಕಾಮ್‌ಕಾಸ್ಟ್‌ನ ಉದ್ಯೋಗಿ ಫ್ರಾಂಕ್ ಎಲಯಾಸನ್ 2008ರಲ್ಲಿ ಟ್ವಿಟರ್‌ನಲ್ಲಿ ತನ್ನ ಹೆಸರು, ಮುಖ ಸಮೇತ ಕುಳಿತು ಗ್ರಾಹಕರ ದೂರುಗಳಿಗೆ ಉತ್ತರಿಸತೊಡಗಿದರು. ಸಂಸ್ಥೆಯ ಒಣ ಭಾಷೆ ಬಿಟ್ಟು ಮನುಷ್ಯನೊಬ್ಬ ಮಾತಾಡುತ್ತಿದ್ದುದೇ ಸಿಟ್ಟಿಗೆದ್ದವರನ್ನು ತಣ್ಣಗಾಗಿಸುತ್ತಿತ್ತು. ನಾವು ರೈಲ್ವೆಗೆ, ಮಹಾನಗರ ಪಾಲಿಕೆಗೆ ಜಾಲತಾಣದಲ್ಲಿ ದೂರು ಬರೆಯುವ ರೂಢಿ ಇದೇ ಪರಂಪರೆಯದು. ಇದರ ಕೊರತೆಯನ್ನೂ ಹೇಳಬೇಕು: ಹಿಂಬಾಲಕರು ಹೆಚ್ಚಿರುವವರ ದೂರು ಬೇಗ ಕೇಳಿಸುತ್ತದೆ, ಫೋನಿನಲ್ಲಿ ಕಾಯುವವರು ಕಾಯುತ್ತಲೇ ಇರುತ್ತಾರೆ.

ದುಡ್ಡು ಪಡೆದ ಆಪ್ತತೆ

2010ರಲ್ಲಿ ಬಂದ ಇನ್‌ಸ್ಟಾಗ್ರಾಂ ವ್ಯಕ್ತಿಯ ದಿನಚರಿಯನ್ನೇ ಜಾಹೀರಾತಿನ ಜಾಗವಾಗಿಸಿತು. 2015ರಲ್ಲಿ ಅಮೆರಿಕದ ಲಾರ್ಡ್ ಆ್ಯಂಡ್ ಟೇಲರ್ ಮಳಿಗೆ 50 ಮಂದಿ ಫ್ಯಾಷನ್ ಇನ್‌ಫ್ಲುಯೆನ್ಸರ್‌ಗಳಿಗೆ ಒಂದೇ ಉಡುಪನ್ನು ಕೊಟ್ಟು, ತಲಾ 1,000ದಿಂದ 4,000 ಡಾಲರ್ ತೆತ್ತು, ಒಂದೇ ವಾರಾಂತ್ಯದಲ್ಲಿ ಚಿತ್ರ ಹಾಕಿಸಿತು. ಉಡುಪು ಪೂರ್ತಿ ಖರ್ಚಾಯಿತು. ದುಡ್ಡಿನ ಸಂಗತಿಯನ್ನು ನೋಡುಗರಿಗೆ ತಿಳಿಸಿರಲಿಲ್ಲವೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಪ್ರಕರಣ ಹೂಡಿ 2016ರಲ್ಲಿ ಇತ್ಯರ್ಥಗೊಳಿಸಿತು. 2017ರ ಫೈರ್ ಎಂಬ ಸಂಗೀತ ಉತ್ಸವದ ವಂಚನೆ ಇನ್ನೂ ಕ್ರೂರ. ಹೆಸರಾಂತ ಮಾಡೆಲ್‌ಗಳ ಪೋಸ್ಟ್ ನಂಬಿ ದುಬಾರಿ ಟಿಕೆಟ್ ಕೊಂಡು ಬಹಾಮಾಸ್ ದ್ವೀಪಕ್ಕೆ ಹೋದವರಿಗೆ ಸಿಕ್ಕಿದ್ದು ಒದ್ದೆ ಹಾಸಿಗೆ, ಪರಿಹಾರ ಶಿಬಿರದ ಡೇರೆ. ಸಂಘಟಕ ಬಿಲ್ಲಿ ಮೆಕ್‌ಫಾರ್ಲೆಂಡ್‌ಗೆ ಮರುವರ್ಷ ಆರು ವರ್ಷಗಳ ಜೈಲಾಯಿತು.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಗ್ರಾಹಕರು ತಮ್ಮ ಅನುಭವ ಬರೆಯುವ ಜಾಗವಾಗಿ ಮೌತ್‌ಶಟ್ 2000ದಲ್ಲಿ ಮುಂಬೈಯಲ್ಲಿ ಆರಂಭವಾಯಿತು. ಕಹಿ ವಿಮರ್ಶೆಗಳನ್ನು ಅಳಿಸುವಂತೆ ಕಂಪನಿಗಳಿಂದ ಬರುತ್ತಿದ್ದ ಒತ್ತಡದಿಂದ ಬೇಸತ್ತು ಅದು ಸುಪ್ರೀಂ ಕೋರ್ಟಿಗೆ ಹೋಯಿತು. 2015ರ ಮಾರ್ಚ್ 24ರಂದು ಬಂದ ಶ್ರೇಯಾ ಸಿಂಘಲ್ ಪ್ರಕರಣದ ಪ್ರಸಿದ್ಧ ತೀರ್ಪಿನಲ್ಲಿ ಈ ಅರ್ಜಿಯೂ ಸೇರಿತ್ತು. ನ್ಯಾಯಾಲಯದ ಅಥವಾ ಸರ್ಕಾರದ ಆದೇಶವಿದ್ದರೆ ಮಾತ್ರ ಜಾಲತಾಣಗಳು ಬರಹ ತೆಗೆಯಬೇಕು, ಯಾರೋ ಕೇಳಿದರೆಂದು ತೆಗೆಯಬೇಕಾಗಿಲ್ಲ ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು. ವಾಕ್ ಸ್ವಾತಂತ್ರ್ಯದ ತೀರ್ಪೆಂದೇ ಹೆಸರಾದ ಇದರಲ್ಲಿ ಗ್ರಾಹಕರ ಪಾಲು ಎಷ್ಟಿತ್ತೆಂದು ನೆನೆಯುವವರು ಕಡಿಮೆ.

ಬೆಂಗಳೂರಿನಲ್ಲಿ 2015ರಲ್ಲಿ ಹುಟ್ಟಿದ ಮೀಶೋ ಎಂಬ ಆನ್‌ಲೈನ್ ಮಾರಾಟ ಕಂಪನಿ, ಗೃಹಿಣಿಯರು ಸೀರೆ, ಕುರ್ತಿಗಳ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಪರಿಚಿತರಿಗೆ ಕಳಿಸಿ, ತಮ್ಮ ಲಾಭ ಸೇರಿಸಿ ಮಾರುವ ಏರ್ಪಾಡಿನಿಂದ ಬೆಳೆಯಿತು. ಬಣ್ಣ ಹೋದರೆ ಮರುದಿನ ಅದೇ ಓಣಿಯಲ್ಲಿ ಮುಖ ತೋರಿಸಬೇಕಾದವರ ಮಾತಿಗೆ ತೂಕವಿತ್ತು.

ಕನ್ನಡ ನಾಡಿನ ಅತ್ಯುತ್ತಮ ನಿದರ್ಶನವೆಂದರೆ ಬಾಕಾಹು, ಅಂದರೆ ಬಾಳೆಕಾಯಿ ಹುಡಿ. ಕೋವಿಡ್ ಕಾಲದಲ್ಲಿ ಬಾಳೆ ಬೆಳೆಗಾರರು ಬೆಲೆ ಕುಸಿದು ಕಂಗಾಲಾಗಿದ್ದಾಗ, ‘ಅಡಿಕೆ ಪತ್ರಿಕೆ’ಯ ಶ್ರೀ ಪಡ್ರೆ ಬಾಳೆಕಾಯಿಯನ್ನು ಒಣಗಿಸಿ ಹಿಟ್ಟು ಮಾಡುವ ವಿಧಾನವನ್ನು 2021ರಲ್ಲಿ ವಾಟ್ಸ್‌ಆ್ಯಪ್ ಮೂಲಕ ಹಬ್ಬಿಸಿದರು. ಉತ್ತರ ಕನ್ನಡ, ದಕ್ಷಿಣ ಕನ್ನಡ, ತುಮಕೂರು ಭಾಗದ ಹೆಂಗಸರು ಮನೆಯಲ್ಲೇ ಹುಡಿ ಮಾಡಿ, ರೊಟ್ಟಿ, ದೋಸೆ, ತಿಂಡಿಗಳ ಚಿತ್ರ ಹಂಚಿಕೊಂಡರು. ನೋಡಿದವರು ತಾವೂ ಮಾಡಿದರು, ಕೆಲವರು ಮಾರತೊಡಗಿದರು. ಅದೇ ವರ್ಷ ಜುಲೈನಲ್ಲಿ ಪ್ರಧಾನಿ ತಮ್ಮ ಬಾನುಲಿ ಭಾಷಣದಲ್ಲಿ ಇದನ್ನು ಪ್ರಸ್ತಾಪಿಸಿದರು. ಚಳವಳಿ ಹಬ್ಬಿದ್ದು ಜಾಹೀರಾತಿನಿಂದಲ್ಲ, ಹಿಟ್ಟು ಕಲಸಿದವರ ಮಾತಿನಿಂದ. ಪ್ರಾಮಾಣಿಕ ವೈಯಕ್ತಿಕ ಪ್ರಚಾರ ಏನೆಂದು ಕೇಳುವವರಿಗೆ ತೋರಿಸಬೇಕಾದದ್ದು ಇಂಥದ್ದನ್ನು.

ಎದುರುಮುಖದ ಉದಾಹರಣೆಯೂ ಇದೆ. 2023ರ ಏಪ್ರಿಲ್‌ನಲ್ಲಿ ರೇವಂತ್ ಹಿಮತ್‌ಸಿಂಗ್ಕಾ ಎಂಬ ಇನ್‌ಫ್ಲುಯೆನ್ಸರ್ ಬೋರ್ನ್‌ವಿಟಾದಲ್ಲಿರುವ ಸಕ್ಕರೆಯ ಬಗ್ಗೆ ವಿಡಿಯೊ ಮಾಡಿದರು. ಕಂಪನಿಯ ವಕೀಲರ ನೋಟಿಸ್ ಬಂದ ಮೇಲೆ ಅದನ್ನು ತೆಗೆದರು. ಅಷ್ಟರಲ್ಲಿ ಚರ್ಚೆ ದೇಶವ್ಯಾಪಿಯಾಗಿತ್ತು. ಆ ವರ್ಷದ ಕೊನೆಗೆ ಕಂಪನಿ ಸೇರಿಸುವ ಸಕ್ಕರೆಯನ್ನು ಇಳಿಸಿತು, 2024ರ ಏಪ್ರಿಲ್‌ನಲ್ಲಿ ಇಂಥ ಪೇಯಗಳನ್ನು ಆರೋಗ್ಯ ಪೇಯಗಳ ವಿಭಾಗದಿಂದ ತೆಗೆಯುವಂತೆ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತು.

ನಿಯಮಗಳು

1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಜಾಗಕ್ಕೆ ಬಂದ 2019ರ ಕಾಯ್ದೆ 2020ರ ಜುಲೈನಲ್ಲಿ ಜಾರಿಯಾಯಿತು. ಇದರಡಿ ರಚನೆಯಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಶಿಫಾರಸು ಮಾಡಿದವರನ್ನು ಒಂದು ವರ್ಷ, ಮತ್ತೆ ತಪ್ಪಿದರೆ ಮೂರು ವರ್ಷದವರೆಗೆ ಅಂಥ ಕೆಲಸದಿಂದ ದೂರ ಇಡಬಹುದು. ದುಡ್ಡು ಪಡೆದ ಪೋಸ್ಟ್‌ಗಳನ್ನು ಹಾಗೆಂದೇ ಗುರುತಿಸಬೇಕೆಂದು ಜಾಹೀರಾತು ಮಾನದಂಡ ಮಂಡಳಿ 2021ರಲ್ಲೂ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೂ ಮಾರ್ಗಸೂಚಿ ಹೊರಡಿಸಿದವು. ಉಚಿತವಾಗಿ ಪಡೆದ ಸರಕು, ಪ್ರವಾಸ, ರಿಯಾಯಿತಿಯನ್ನೂ ಇಲಾಖೆಯ ಮಾರ್ಗಸೂಚಿಯ ಪ್ರಕಾರ ತಿಳಿಸಬೇಕು, ಅದೂ ಶಿಫಾರಸು ಮಾಡುವ ಭಾಷೆಯಲ್ಲೇ. ಕನ್ನಡದಲ್ಲಿ ಹೊಗಳಿ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಸತ್ಯ ಹೇಳುವುದಕ್ಕೆ ಅವಕಾಶವಿಲ್ಲ.

ಆನ್‌ಲೈನ್ ವಿಮರ್ಶೆಗಳಿಗೆ ಭಾರತೀಯ ಮಾನಕ ಬ್ಯೂರೊ 2022ರ ನವೆಂಬರ್‌ನಲ್ಲಿ ಐಎಸ್ 19000 ಮಾನದಂಡ ತಂದಿತು. ವಿಮರ್ಶೆ ಬರೆದವರ ಗುರುತು ಖಚಿತಪಡಿಸಿಕೊಳ್ಳಬೇಕು, ಕಹಿ ಮಾತನ್ನು ಮುಚ್ಚಿಡಬಾರದು ಎಂದು ಅದು ಹೇಳುತ್ತದೆ. ಆರಂಭದಲ್ಲಿ ಇದು ಸ್ವಇಚ್ಛೆಯ ಮಾನದಂಡವಾಗಿತ್ತು. ಕಡ್ಡಾಯಗೊಳಿಸುವ ಪ್ರಸ್ತಾವವನ್ನು ಗ್ರಾಹಕ ವ್ಯವಹಾರಗಳ ಇಲಾಖೆ 2024ರಲ್ಲಿ ಕಂಪನಿಗಳ ಮುಂದಿಟ್ಟಿತು. ಅಮೆರಿಕದಲ್ಲಿ ಅದೇ ವರ್ಷ ಅಕ್ಟೋಬರ್ 21ರಂದು ಜಾರಿಗೆ ಬಂದ ನಿಯಮ ಖೋಟಾ ವಿಮರ್ಶೆಗಳ ಮಾರಾಟ ಮತ್ತು ಖರೀದಿಯನ್ನು ನಿಷೇಧಿಸಿತು. ಕೃತಕ ಬುದ್ಧಿಮತ್ತೆ ಬರೆದ, ಇಲ್ಲದ ಗ್ರಾಹಕರ ಹೆಸರಿನ ವಿಮರ್ಶೆಗಳೂ ಈ ನಿಷೇಧದೊಳಗೆ ಬರುತ್ತವೆ.